ಟೈಲ್ಸ್ ಬೇಡ, ಶೀಟೇ ಇರಲಿ

ಮಾರ್ಗಶಿರ ಮಾಸ. ಹಾಸನದ ಬೀದಿಗಳಲ್ಲಿ ಇಬ್ಬನಿ ಇನ್ನೂ ಪೂರ್ತಿ ಕರಗಿರಲಿಲ್ಲ. ಬಿಸಿಲು ಆಗತಾನೆ ಅಂಗಡಿಗಳ ಹೊಸ್ತಿಲು ಮುಟ್ಟುವ ಹೊತ್ತು. ಅವರೆಕಾಯಿ ತುಂಬಿದ ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ಬೀದಿಗೆಲ್ಲ ಅದರ ಸೊಗಡು ಹಿಡಿದಿತ್ತು. ಅರವತ್ತಮೂರನೆಯ ಇಸವಿಯ ಮಾತು ಇದು.

ದೇವಯ್ಯನವರದು ಸಿಮೆಂಟು, ಪೈಪು, ಟೈಲ್ಸು ಮಾರುವ ಅಂಗಡಿ. ಅಲ್ಲಿ ಕೆಲಸಕ್ಕಿದ್ದ ಕಟ್ಟಾಯದ ಚಲುವಯ್ಯ ಬಾಗಿಲ ಹಲಗೆಗಳನ್ನು ಒಂದೊಂದಾಗಿ ಕಳಚಿ ಒಳಗಿಡುತ್ತಿದ್ದ. ನಡುವಿನ ಹಲಗೆ ತೆಗೆದಾಗ ಆ ಸಂದಿನಲ್ಲಿ ಒಂದು ಮುಖ ಕಂಡಿತು. ಚಳಿಗೆ ಕೆಂಪಾದ ಮೂಗಿನ ತುದಿ, ತಲೆಗೆ ಹೊದ್ದ ಶಾಲು, ನಗಬೇಕೋ ಬೇಡವೋ ಎಂದು ಯೋಚಿಸುತ್ತಿರುವಂಥ ಕಣ್ಣು.

"ಅಂಗಡಿ ತೆಗ್ದಿದೀರೋ, ಮುಚ್ತಾ ಇದೀರೋ?"

"ತೆಗೀತಾ ಇದೀನಿ."

"ನೋಡಿದ್ರೆ ಅಂಗೆ ಕಾಣಲ್ಲ. ಹಲಗೆ ತಬ್ಕೊಂಡು ನಿಂತಿದೀರಲ್ಲ, ಅದುಕ್ಕೆ ಕೇಳ್ದೆ."

ಚಲುವಯ್ಯ ತನ್ನ ಕೈ ನೋಡಿಕೊಂಡ. ನಿಜವಾಗಿಯೂ ಹಲಗೆಯನ್ನು ಎದೆಗವಚಿಕೊಂಡೇ ನಿಂತಿದ್ದ. ಕೆಳಗಿಟ್ಟ. ಅವಳು ಪಕ್ಕಕ್ಕೆ ತಿರುಗಿ ಬಾಯಿಗೆ ಶಾಲು ಅಡ್ಡ ಹಿಡಿದಳು. ನಕ್ಕದ್ದು ಕಾಣಲಿಲ್ಲ, ಭುಜ ಅಲ್ಲಾಡಿದ್ದು ಕಂಡಿತು. ಅಷ್ಟಕ್ಕೇ ಅವನ ಎದೆಯಲ್ಲಿ ಏನೋ ಒಂದು ಜಾಗ ಬಿಟ್ಟು ಸರಿಯಿತು.

ಅವಳ ಹಿಂದೆ ಓವರ್‌ಸೀಯರ್ ಚನ್ನಪ್ಪ ಬಂದ. ಅರಕಲಗೂಡಿನಲ್ಲಿ ಕೆಲಸ ಮಾಡುವವನು, ಅಂಗಡಿಗೆ ಗುರುತಿನ ಗಿರಾಕಿ.

"ಹೊಳೆನರಸೀಪುರದಲ್ಲಿ ನಮ್ಮ ಮಾವನೋರು ಹೊಸ ಬಚ್ಚಲುಮನೆ ಕಟ್ಟಿಸ್ತಾವ್ರೆ," ಎಂದ. "ಬಾಣಂತಿ ನೀರು ಹುಯ್ಯೋಕೆ. ತಿಂಗಳುಗಟ್ಲೆ ದಿನಾ ಎಣ್ಣೆ, ಅರಿಶಿನ, ಕುದಿಯೋ ನೀರು. ಗೋಡೆ ತಡೀಬೇಕು. ಆಮೇಲೆ ನಂದೊಂದು ಆಸೆ, ಮೇಲೊಂದು ಶವರ್ ಇಡಿಸ್ಬೇಕು." ಹುಡುಗಿಯ ಕಡೆ ತಿರುಗಿ, "ನೀನೇ ನೋಡಿ ಹೇಳು ಮಲ್ಲಿಗೆ. ನಿಂಗೆ ಒಪ್ಪಿಗೆ ಆಗ್ದಿದ್ರೆ ಮನೇಲಿ ನನ್ನ ಬದುಕೋಕೆ ಬಿಡಾಕಿಲ್ಲ."

"ಆಯ್ತು ಭಾವ," ಎಂದು ಅವಳು ಶಾಲಿನಿಂದ ಕೈ ಹೊರಗೆ ತೆಗೆದು ಬಿಳಿ ಟೈಲ್ಸೊಂದನ್ನು ಎತ್ತಿಕೊಂಡಳು.

ಆ ಕೈ ತುಂಬ ಹಸಿರು ಗಾಜಿನ ಬಳೆ. ಮಣಿಕಟ್ಟಿನಿಂದ ಮೊಣಕೈ ಹತ್ತಿರದವರೆಗೂ ಒತ್ತಾಗಿ ತೊಡಿಸಿದ ಬಳೆ.

ಚಲುವಯ್ಯನಿಗೆ ಎಲ್ಲ ಅರ್ಥವಾಯಿತು. ಅಥವಾ ಅವನು ಹಾಗೆ ಅಂದುಕೊಂಡ. ಹಾಗೆ ಹಸಿರು ಬಳೆ ತೊಡಿಸುವುದು ಬಸುರಿಗೆ. ಕಟ್ಟಿಸುತ್ತಿರುವುದು ಬಾಣಂತಿ ಬಚ್ಚಲು, ಅದೂ ತವರಿನಲ್ಲಿ. ಭಾವ ಎಂದಳಲ್ಲ ಎಂದು ಒಂದು ಗಳಿಗೆ ಮನಸ್ಸು ತಡವರಿಸಿತು. ಆದರೆ ಸೋದರತ್ತೆಯ ಮಗನನ್ನು ಮದುವೆಯಾದ ಅವನ ಸ್ವಂತ ಅತ್ತಿಗೆ, ಎರಡು ಮಕ್ಕಳಾದರೂ ಗಂಡನನ್ನು ಭಾವ ಎಂದೇ ಕರೆಯುತ್ತಿದ್ದಳು. ಇವಳೂ ಹಾಗೇ ಇರಬೇಕು. ಶಾಲು ಅಷ್ಟು ಬಿಗಿಯಾಗಿ ಹೊದ್ದಿರುವುದೂ ಅದಕ್ಕೇ ಇರಬೇಕು.

ಅವನು ಕಣ್ಣು ನೆಲಕ್ಕಿಳಿಸಿ, ದೇವಯ್ಯನವರು ಕೂರುವ ಸ್ಟೂಲನ್ನೇ ತಂದಿಟ್ಟ.

"ಕೂತ್ಕಳಿ ಅಕ್ಕಾ. ನೀವು ಅದನ್ನೆಲ್ಲ ಎತ್ಬಾರ್ದು."

ಮಲ್ಲಿಗೆ ಹಿಂದಕ್ಕೆ ತಿರುಗಿ ನೋಡಿದಳು, ಇನ್ಯಾವ ಅಕ್ಕ ಅಂಗಡಿಗೆ ಬಂದಳೋ ಎಂದು. ಯಾರೂ ಇರಲಿಲ್ಲ. ಕೈಯಲ್ಲಿದ್ದ ಟೈಲ್ಸನ್ನು ನೋಡಿದಳು. ಅಂಗೈಗಿಂತ ಚೂರು ಅಗಲ, ತೂಕವೇ ಇಲ್ಲ. ಇವನು ಇದನ್ನು ಯಾಕೆ ಎತ್ತಬಾರದು ಎನ್ನುತ್ತಾನೆ?

"ನಾನು ನಿಮಗಿಂತ ಚಿಕ್ಕೋಳು," ಎಂದಳು.

"ಆಗ್ಲಿ ಅಕ್ಕಾ," ಎಂದ ಅವನು.

ಅವತ್ತು ಏನೂ ತೀರ್ಮಾನವಾಗಲಿಲ್ಲ. ಹೋಗುವಾಗ ಅವಳು ಬಾಗಿಲಲ್ಲಿ ನಿಂತು ಒಮ್ಮೆ ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತೋ ನಗುವಿತ್ತೋ ಅವನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಹಕ್ಕು ತನಗಿಲ್ಲ ಎಂದುಕೊಂಡು ಮತ್ತೆ ಪೈಪು ಎಣಿಸಲು ಹೋದ. ಎಣಿಕೆ ತಪ್ಪಿತು.

ಮುಂದಿನ ವಾರ ಮತ್ತೆ ಬಂದರು. ಚನ್ನಪ್ಪನಿಗೆ ಆಫೀಸಿನ ಕೆಲಸವಿತ್ತು. "ನೀನು ಇಲ್ಲೇ ಆರಿಸ್ತಿರು, ಬಂದ್ಬುಟ್ಟೆ," ಎಂದು ಅವಳನ್ನು ಅಂಗಡಿಯಲ್ಲಿ ಬಿಟ್ಟು ಹೋದ. ದೇವಯ್ಯನವರು ಗಲ್ಲಾದ ಹಿಂದೆ ಕೂತು ಪೇಪರು ಓದುತ್ತಿದ್ದರು. ಚಲುವಯ್ಯ ಪಕ್ಕದ ಅಂಗಡಿಯಿಂದ ಹುಣಸೆ ಚಿಗಳಿ ತಂದು ಅವಳ ಮುಂದಿಟ್ಟ.

"ಇದ್ಯಾಕೆ?"

"ತಿನ್ನಿ. ಬಾಯಿಗೆ ಹಿತವಾಗಿರ್ತದೆ."

ಅವಳು ಒಂದು ಬಾಯಿಗೆ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ, ಮೂಗು ಸುಕ್ಕಿಸಿದಳು. "ಟೈಲ್ಸ್ ಅಂಗಡೀಲಿ ಬಂದೋರಿಗೆಲ್ಲ ಹುಳಿ ತಿನ್ನಿಸ್ತೀರಾ?"

"ಎಲ್ರಿಗೂ ಇಲ್ಲ."

ಆ ಮಾತಿಗೆ ಅವಳ ಕಿವಿ ಕೆಂಪಾಯಿತು. ಅವನಿಗೆ ಯಾಕೆಂದು ಹೊಳೆಯಲಿಲ್ಲ.

"ನೋಡಿ," ಎಂದು ಅವಳು ಟೈಲ್ಸುಗಳನ್ನು ಒಂದರ ಪಕ್ಕ ಒಂದಿಟ್ಟಳು. "ಎಷ್ಟು ಸಂದು ಇದರಲ್ಲಿ. ಅರಿಶಿನ, ಸೀಗೆಪುಡಿ, ಎಣ್ಣೆಜಿಡ್ಡು ಎಲ್ಲಾ ಸಂದೀಲೇ ಕೂರೋದು. ತೆಂಗಿನ ನಾರು ಹಿಡ್ಕೊಂಡು ತಿಕ್ಕೋಳು ಯಾರು, ನಾನು ತಾನೆ? ಬೇರೆ ಏನಾದ್ರೂ ಇಲ್ವಾ?"

ಇತ್ತು. ಮೂಲೆಯಲ್ಲಿ ಗೋಡೆಗೊರಗಿಸಿ ಇಟ್ಟಿದ್ದ ಚಪ್ಪಟೆ ಸಿಮೆಂಟ್ ಶೀಟು. ಛಾವಣಿಗೆ ಹಾಕುವ ಅಲೆಅಲೆಯ ಶೀಟಲ್ಲ. ಆಳೆತ್ತರಕ್ಕೂ ಮಿಕ್ಕಿದ ನುಣುಪು ಹಲಗೆ, ಮೇಲೆ ತಿಳಿಹಸಿರು ಎನಾಮಲ್ ಬಣ್ಣ. ಒಂದು ಗೋಡೆಗೆ ಎರಡು ನಿಲ್ಲಿಸಿದರೆ ಮುಗಿಯಿತು, ನಡುವೆ ಒಂದೇ ಸಂದು. ಆದರೆ ಬಂದು ವರ್ಷವಾದರೂ ಯಾರೂ ಕೊಂಡಿರಲಿಲ್ಲ. ಚಲುವಯ್ಯನೂ ಇಡೀ ಬಚ್ಚಲಿಗೆ ಅದನ್ನು ಕೂರಿಸಿದವನಲ್ಲ. ದೇವಯ್ಯನವರ ಮನೆಯ ಒಂದು ಗೋಡೆಗೆ ಹೊಡೆದಿದ್ದ, ಅಷ್ಟೆ.

"ಎಲ್ರೂ ಟೈಲ್ಸೇ ತಗಳೋದು ಅಕ್ಕಾ," ಎಂದ.

ಅಕ್ಕ ಎಂದಾಗ ಅವಳ ಮುಖ ಮತ್ತೆ ಬಿಗಿಯಿತು. ಶೀಟಿನ ಮೇಲೆ ಬೆರಳಾಡಿಸುತ್ತ ಕೇಳಿದಳು: "ಟೈಲ್ಸ್ ತಗೊಂಡ್ರೆ ಹಾಕೋರ್ಯಾರು?"

"ನಿಮ್ಮೂರ ಗಾರೆಕೆಲಸದೋರೇ ಹಾಕ್ತಾರೆ."

"ಇದನ್ನ?"

"ಇದುಕ್ಕೆ ಗೋಡೆಗೆ ಮರದ ಪಟ್ಟಿ ಹೊಡ್ದು, ಶೀಟಿಗೆ ತೂತು ಕೊರ್ದು, ಸ್ಕ್ರೂ ಹಾಕ್ಬೇಕು. ಅಂಗಡಿಯಿಂದ ನಾನೇ ಬರ್ಬೇಕು."

ಅವಳು ಇನ್ನೊಂದು ಚಿಗಳಿ ತೆಗೆದುಕೊಂಡಳು, ತಿನ್ನಲಿಲ್ಲ.

"ಟೈಲ್ಸ್ ಬೇಡ, ಶೀಟೇ ಇರಲಿ," ಎಂದಳು. ಆಮೇಲೆ, ಬೀದಿ ನೋಡುತ್ತ, "ಮನೇಲಿ ಯಾರ್ಯಾರಿದೀರಾ ನೀವು?"

"ಅವ್ವ, ಅಣ್ಣ, ಅತ್ತಿಗೆ, ಮಕ್ಳು."

"ನಿಮ್ಮ ಮಕ್ಳಾ?"

"ಅಣ್ಣನ ಮಕ್ಳು. ನಂಗಿನ್ನೂ ಮದ್ವೆ ಆಗಿಲ್ಲ."

"ಹೌದಾ," ಎಂದಳು ಮಲ್ಲಿಗೆ. ಬಾಯಿಗೆ ಹಾಕಿಕೊಳ್ಳಲು ಮರೆತಿದ್ದ ಚಿಗಳಿಯನ್ನು ಆಗ ಹಾಕಿಕೊಂಡಳು. ಈ ಸಲ ಮೂಗು ಸುಕ್ಕಿಸಲಿಲ್ಲ.

ಅವರು ಹೋದ ಮೇಲೆ ಚಲುವಯ್ಯನ ತಲೆಯೆಲ್ಲ ಗೋಜಲು. ಇನ್ನೊಬ್ಬನ ಹೆಂಡತಿ, ತುಂಬು ಬಸುರಿ, ನನ್ನ ಮದುವೆಯ ಮಾತು ಯಾಕೆ ಕೇಳಬೇಕು? ಕೇಳಿದರೆ ನನಗೆ ಯಾಕೆ ಹಿಗ್ಗಾಗಬೇಕು? ಇದು ತಪ್ಪು ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುವಾಗಲೂ ಆ ಬಳೆಗಳ ಸದ್ದೇ ಕಿವಿಯಲ್ಲಿತ್ತು.

ಆ ಭಾನುವಾರ ಊರಿಗೆ ಹೋದಾಗ ಅವನ ತಾಯಿ ಹೊನ್ನಕ್ಕ ಹಳೆಯ ಮಾತು ತೆಗೆದಳು. ಚನ್ನರಾಯಪಟ್ಟಣದಲ್ಲಿ ಒಂದು ಹುಡುಗಿ, ಒಳ್ಳೆಯ ಮನೆತನ, ನೋಡಿಕೊಂಡು ಬರೋಣ ಎಂದು. ಎರಡು ವರ್ಷದಿಂದ ಹೆಣ್ಣು ನೋಡುವ ಮಾತಿಗೆಲ್ಲ ಬೇಡ ಎನ್ನುತ್ತಿದ್ದವನು ಈ ಸಲ "ಆಯ್ತವ್ವ" ಎಂದ.

ಹೊನ್ನಕ್ಕ ಮೊರದಲ್ಲಿದ್ದ ರಾಗಿ ಕೆಳಗಿಟ್ಟಳು. "ಏನ್ಲಾ, ಮೈ ಉಸಾರಾಗಿದ್ದೀಯಾ?"

"ಉಸಾರಾಗೇ ಇವ್ನಿ."

"ಅಂಗಾರೆ ಬರೋ ಭಾನ್ವಾರ ಓಗಾನ. ಮಾತು ತಪ್ಪಬ್ಯಾಡ ಮತ್ತೆ. ಒಂದು ಸಲ ಹೆಣ್ಣಿನ ಮನೆ ಹೊಸ್ತಿಲು ದಾಟಿದ್ರೆ ಅಲ್ಲೇ ಮುಗಿಸ್ಕಂಡೇ ಬರೋಳು ನಾನು."

ಹೆಣ್ಣು ನೋಡುವ ಭಾನುವಾರದ ಹಿಂದಿನ ದಿನ, ಶನಿವಾರ ಬೆಳಗಿನ ರೈಲಿಗೆ, ಚಲುವಯ್ಯ ತೂತು ಕೊರೆಯುವ ಬೈರಿಗೆ, ಸ್ಕ್ರೂ, ಮರದ ಪಟ್ಟಿ ಹಿಡಿದು ಹೊಳೆನರಸೀಪುರಕ್ಕೆ ಬಂದಿಳಿದ. ಶೀಟುಗಳು ಮೊದಲೇ ಲಾರಿಯಲ್ಲಿ ಬಂದಿದ್ದವು. ಬಾಗಿಲಲ್ಲಿ ಮಲ್ಲಿಗೆಯ ಅಜ್ಜಿ ಸಣ್ಣಕ್ಕ ಕೂತಿದ್ದಳು.

"ಬಾಪ್ಪಾ. ಟೈಲ್ಸ್ ಬ್ಯಾಡ ಅಂತ ನಮ್ಮುಡ್ಗಿ ಹಟ ಹಿಡ್ದು ಮನೇನೇ ತಲೆಕೆಳಗು ಮಾಡ್ಬುಟ್ಳು. ಅದೇನು ಮಾಡೀಯೋ ಮಾಡು, ನೋಡಾನ." ಅವನ ಚೀಲದಿಂದ ಇಣುಕುತ್ತಿದ್ದ ಶವರನ್ನು ಬೆರಳಿಂದ ತಟ್ಟಿದಳು. "ಇದೇನ್ಲಾ, ಜರಡಿ?"

"ಶವರ್ ಅಂತ ಅಜ್ಜಿ. ಮಳೆ ಬಂದಂಗೆ ನೀರು ಬೀಳ್ತದೆ."

"ಮಳೆ ಬಂದ್ರೆ ಒಳಕ್ಕೆ ಓಡೋಗೋರು ನಾವು. ಈಗ ಮಳೇನೇ ಒಳಕ್ಕೆ ತರ್ತಾವ್ನೆ ನಮ್ಮಳಿಯ. ಬಾಣಂತಿ ಅತ್ರ ಅದು ಸುಳೀಬಾರ್ದು, ಹೇಳ್ಬುಟ್ಟಿವ್ನಿ."

ಬಚ್ಚಲುಮನೆಯಲ್ಲಿ ಹೊಸ ಒಲೆ, ಅದರಲ್ಲಿ ಆಗಲೇ ಉರಿ, ಮೇಲೆ ತಾಮ್ರದ ಹಂಡೆ. ಚಲುವಯ್ಯ ಗೋಡೆಗೆ ಪಟ್ಟಿ ಹೊಡೆದ. ಶೀಟು ಎತ್ತಿ ನಿಲ್ಲಿಸುವಾಗ ಇನ್ನೊಂದು ತುದಿ ಹಿಡಿಯಲು ಮಲ್ಲಿಗೆಯೇ ಬಂದಳು.

"ನೀವು ಬೇಡ ಅಕ್ಕಾ, ಭಾರ."

"ನಿಮ್ಮದು ಒಳ್ಳೆ ಕಥೆಯಾಯ್ತಲ್ಲ. ಸುಮ್ನೆ ಎತ್ತಿ."

ಇಬ್ಬರ ನಡುವೆ ಅಡ್ಡ ಹಿಡಿದ ತಿಳಿಹಸಿರು ಶೀಟು. ಮೇಲಿನಿಂದ ಅವಳ ಹಣೆಯಷ್ಟೇ ಕಾಣುತ್ತಿತ್ತು, ಕೆಳಗೆ ಪಾದ. ಒದ್ದೆ ನೆಲದ ಮೇಲೆ ಬರಿಗಾಲು. ಚಲುವಯ್ಯ ಆ ಪಾದಗಳನ್ನು ನೋಡಿದ. ಕಾಲುಂಗುರ ಇರಲಿಲ್ಲ. ಶೀಟು ಗೋಡೆಗೆ ನಿಲ್ಲಿಸಿದ ಮೇಲೆ ನೋಡಿದರೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಶಾಲಿಲ್ಲ. ಬಸುರಿಯ ಯಾವ ಕುರುಹೂ ಇಲ್ಲ. ಅವನು ಗುರುತು ಮಾಡಿಕೊಂಡದ್ದೆಲ್ಲಿ, ಕೊರೆದದ್ದೆಲ್ಲಿ ಎಂದು ಅವನಿಗೇ ತಿಳಿಯದೆ ಬೈರಿಗೆ ತಿರುಗಿಸುತ್ತ ಹೋದ. ಶವರಿನ ಪೈಪಿಗೆಂದು ತಲೆಯ ಮೇಲೆ ಕೊರೆಯಬೇಕಾದ ತೂತು ಎದೆಮಟ್ಟದಲ್ಲಿ ಬಿತ್ತು.

ಅಷ್ಟರಲ್ಲಿ ಸೊಂಟಕ್ಕೆ ಕೈ ಕೊಟ್ಟುಕೊಂಡು ಒಬ್ಬಳು ಮೆಲ್ಲಗೆ ಬಾಗಿಲಿಗೆ ಬಂದಳು. ತುಂಬಿದ ಹೊಟ್ಟೆ, ಕೈತುಂಬ ಅದೇ ಹಸಿರು ಬಳೆ.

"ಮಲ್ಲಿಗೆ, ನಮ್ಮೆಜಮಾನ್ರು ಸಂಜೆ ಬತ್ತೀನಿ ಅಂದ್ರಾ?"

"ಬತ್ತಾರೆ ಕಣಕ್ಕ. ನೀನು ಇಲ್ಲಿ ಜಾರ್ತದೆ, ಒಳಗೋಗು."

ಅವಳು ಹೋದಳು. ಚಲುವಯ್ಯ ಬೈರಿಗೆ ಹಿಡಿದೇ ಇದ್ದ. "ಇವ್ರು?"

"ನಮ್ಮಕ್ಕ, ಪ್ರೇಮಕುಮಾರಿ. ಬಾಣಂತಿ ನೀರು ಇವಳಿಗೆ ತಾನೆ? ಅಷ್ಟು ದೂರ ಬರಕ್ಕಾಗಲ್ಲ ಅಂತ ನನ್ನ ಕಳಿಸಿದ್ಳು. ನೀವು ಯಾರಿಗೆ ಅಂದ್ಕೊಂಡಿದ್ರಿ?"

ಅವನ ಕಣ್ಣು ಅವಳ ಬಳೆಗಳ ಮೇಲೆ ಹೋಯಿತು. ಅವಳೂ ತನ್ನ ಬಳೆ ನೋಡಿಕೊಂಡಳು. ಅಕ್ಕನಿಗೆ ಬಳೆ ತೊಡಿಸಿದ ದಿನ ಮನೆಯ ಹೆಣ್ಣುಮಕ್ಕಳಿಗೆಲ್ಲ ತೊಡಿಸಿದ್ದರು. ಇವಳು ಆಸೆಪಟ್ಟು ಮೊಣಕೈವರೆಗೂ ತೊಡಿಸಿಕೊಂಡಿದ್ದಳು. ನಿಧಾನವಾಗಿ ಅವಳಿಗೆ ಒಂದೊಂದೇ ಕೂಡಿ ಬಂತು. ಸ್ಟೂಲು. ಎತ್ಬಾರ್ದು. ಹುಣಸೆ ಚಿಗಳಿ.

"ಅಯ್ಯೋ ದೇವ್ರೇ," ಎಂದು ಅವಳು ಹಂಡೆಯ ಒಲೆಕಟ್ಟೆಯ ಮೇಲೆ ಕೂತುಬಿಟ್ಟಳು. ನಗು ಬಂತು, ಹಿಂದೆಯೇ ಸಿಟ್ಟು ಬಂತು, ಯಾವುದನ್ನು ಮೊದಲು ತೋರಿಸಬೇಕೋ ತಿಳಿಯದೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಾನು ಏನೇನೋ ಅಂದ್ಕೊಂಡಿದ್ದೆ."

"ಏನಂತ?"

"ಏನೂ ಇಲ್ಲ. ನಿಮ್ಮ ಕೆಲ್ಸ ನೋಡಿ. ನಾಳೆ ಬಂದು ಆ ಗೋಡೆ ಮುಗಿಸ್ತೀರೋ?"

"ನಾಳೆ..." ಅವನು ಕೈಯಲ್ಲಿದ್ದ ಬೈರಿಗೆ ನೋಡಿಕೊಂಡ. "ನಾಳೆ ಚನ್ನರಾಯಪಟ್ಟಣಕ್ಕೆ ಓಗ್ಬೇಕು. ಹೆಣ್ಣು ನೋಡೋಕೆ. ಅವ್ವಂಗೆ ಹೂಂ ಅಂದ್ಬುಟ್ಟೆ."

ಹಂಡೆಯ ಕೆಳಗೆ ಹಸಿ ಸೌದೆ ಚಟಚಟ ಅಂದಿತು. ಮಲ್ಲಿಗೆ ಎದ್ದು ನಿಂತಳು.

"ಓಗ್ಬನ್ನಿ ಅಣ್ಣ," ಎಂದಳು.

ಅಣ್ಣ ಎಂಬ ಆ ಮಾತು ಎಲ್ಲಿ ನಾಟಿತೆಂದು ಅವನಿಗೆ ಮಾತ್ರ ಗೊತ್ತು. ಇಷ್ಟು ದಿನ ತಾನು ಅಕ್ಕ ಅಂದಾಗಲೆಲ್ಲ ಅವಳ ಮುಖ ಯಾಕೆ ಬಿಗಿಯುತ್ತಿತ್ತೆಂಬುದೂ ಆಗಲೇ ಗೊತ್ತಾಯಿತು. ಗೊತ್ತಾಯಿತೋ, ಇದೂ ತನ್ನದೇ ಇನ್ನೊಂದು ಭ್ರಮೆಯೋ. ತಪ್ಪು ತೂತನ್ನು ಹೆಬ್ಬೆರಳಿಂದ ಮುಚ್ಚುತ್ತ, ಏನೋ ಒಂದು ಹೇಳಬೇಕೆಂದು ಹೇಳಿದ:

"ಶೀಟು ಕೆಡಿಸ್ಬುಟ್ಟೆ ನಾನು. ನೀವು ಟೈಲ್ಸೇ ತಗೋಬೋದಿತ್ತು."

"ತಗೊಂಡಿದ್ರೆ ನಮ್ಮೂರ ಗಾರೆ ಬೈರಯ್ಯ ಬತ್ತಿದ್ದ," ಎಂದಳು ಮಲ್ಲಿಗೆ. ಅವನ ಕಡೆ ನೋಡಲಿಲ್ಲ. ಶೀಟಿನ ಬಣ್ಣ ನೋಡುತ್ತಿದ್ದಳು. "ಶೀಟಿಗೆ ಯಾರು ಬರ್ಬೇಕು ಅಂತ ಅವತ್ತು ನಿಮ್ಮನ್ನೇ ಕೇಳಿದ್ನಲ್ಲ. ನಾನೇ ಅಂದ್ರಿ. ಆಮೇಲೆ ತಾನೇ ಶೀಟು ಇರಲಿ ಅಂದಿದ್ದು."

ಚಲುವಯ್ಯ ಕೈಯಲ್ಲಿದ್ದ ಬೈರಿಗೆಯನ್ನು ಮೆಲ್ಲಗೆ ನೆಲದ ಮೇಲಿಟ್ಟ.

"ಸಂದೀಲಿ ಅರಿಶಿನ ಕೂತ್ಕತದೆ ಅಂದ್ರಿ."

"ಅದೂ ನಿಜ. ಆದ್ರೆ ಅರಿಶಿನಕ್ಕೋಸ್ಕರ ಯಾರಾದ್ರೂ ಮನೆಯೋರ ಜೊತೆಗೆಲ್ಲ ಜಗಳ ಆಡ್ತಾರಾ?"

ಹೊರಗೆ ಸಣ್ಣಕ್ಕ ಕೆಮ್ಮಿದಳು. ಇಬ್ಬರೂ ಪಕ್ಕದಲ್ಲಿದ್ದ ಇನ್ನೊಂದು ಶೀಟಿನ ಎರಡು ತುದಿ ಹಿಡಿದು ಅಡ್ಡಲಾಗಿ ಎತ್ತಿದರು, ಎತ್ತುವ ಅಗತ್ಯವಿಲ್ಲದಿದ್ದರೂ.

"ಅಣ್ಣ ಅನ್ಬೇಡಿ," ಎಂದ ಅವನು, ತಗ್ಗಿದ ದನಿಯಲ್ಲಿ.

"ಮೊದ್ಲು ಶುರು ಮಾಡಿದ್ಯಾರು?"

"ನಾನೇ. ವಾಪಸ್ ತಗೊಂಡೆ."

"ಅಂಗಾದ್ರೆ ನಾಳೆ ಬಂದು ಈ ಗೋಡೆ ಮುಗ್ಸಿ," ಎಂದಳು. ಶೀಟಿನ ಅಂಚಿನ ಮೇಲಿಂದ ಅವಳ ಕಣ್ಣು ಕಂಡವು. ನಗಬೇಕೋ ಬೇಡವೋ ಎಂಬ ಆ ಮೊದಲ ದಿನದ ಯೋಚನೆ ಅವುಗಳಲ್ಲಿ ಇರಲಿಲ್ಲ.

ಸಂಜೆ ರೈಲಿಗೆ ಹಾಸನ, ಅಲ್ಲಿಂದ ಕಡೆಯ ಬಸ್ಸಿಗೆ ಕಟ್ಟಾಯ. ಹೊನ್ನಕ್ಕ ನಾಳೆಗೆಂದು ರೇಷ್ಮೆ ಸೀರೆ ತೆಗೆದಿಟ್ಟಿದ್ದಳು. ಮಗ ಹೇಳಿದ್ದನ್ನೆಲ್ಲ ಕೇಳಿ, "ಬಸುರಿ ಅಂದ್ಕಂಡು ಚಿಗಳಿ ಕೊಟ್ಯಾ? ನಮ್ಮ ಹೊಟ್ಟೇಲಿ ಉಟ್ಟಿದ್ದು ಇಂಥ ಬುದ್ವಂತನಾ," ಎಂದಳು. ಸಿಟ್ಟಾಗಿದ್ದಳು. ಆದರೂ ಬೆಳಗಾಗುತ್ತಲೇ ದೊಡ್ಡಮಗನನ್ನು ಚನ್ನರಾಯಪಟ್ಟಣಕ್ಕೆ ಓಡಿಸಿ, ಬರಲಾಗುವುದಿಲ್ಲ ಎಂದು ತಗ್ಗಿ ಹೇಳಿ ಬರುವಂತೆ ಮಾಡಿದಳು. ಸಂಕ್ರಾಂತಿಗೆ ಎಳ್ಳು ಬೀರುವ ನೆಪದಲ್ಲಿ ತಾನೇ ಹೊಳೆನರಸೀಪುರಕ್ಕೆ ಹೋದಳು. ಹುಡುಗಿಯನ್ನು ನೋಡುವ ಮೊದಲು ಬಚ್ಚಲುಮನೆ ನೋಡಿದಳು. ಎದೆಮಟ್ಟದ ತೂತಿಗೆ ಮಲ್ಲಿಗೆ ಒಂದು ಮರದ ಗೂಟ ಬಡಿದು ಟವಲು ನೇತುಹಾಕಿದ್ದಳು.

"ಈ ಗೂಟ ಯಾಕವ್ವ ಇಲ್ಲಿ?"

"ನಿಮ್ಮ ಮಗ ಮಾಡಿದ ತೂತು ಮುಚ್ಚಾಕೆ," ಎಂದಳು ಮಲ್ಲಿಗೆ.

ಹೊನ್ನಕ್ಕ ಗೂಟವನ್ನು ಅಲ್ಲಾಡಿಸಿ ನೋಡಿದಳು. ಗಟ್ಟಿಯಾಗಿತ್ತು. ಹಜಾರಕ್ಕೆ ಹೋಗಿ ಮದುವೆ ಮಾತಿಗೆ ಕೂತಳು.

ಮಾಘದಲ್ಲಿ ಪ್ರೇಮಕುಮಾರಿಗೆ ಹೆಣ್ಣುಮಗು ಹುಟ್ಟಿತು. ಅರಿಶಿನ, ಎಣ್ಣೆ, ಸೀಗೆಪುಡಿ ಎಲ್ಲ ಆ ಹಸಿರು ಶೀಟಿನ ಮೇಲೆ ಜಾರಿ ಹೋದವು. ನಡುವಿನ ಒಂದೇ ಸಂದಿನಲ್ಲಿ ಮಾತ್ರ ಹಳದಿಯ ಗೆರೆಯೊಂದು ಉಳಿಯಿತು. ಮಲ್ಲಿಗೆ ಅದನ್ನು ತಿಕ್ಕಲು ಹೋಗಲಿಲ್ಲ. ವೈಶಾಖದಲ್ಲಿ ಮದುವೆಯಾಯಿತು. ಹೆಣ್ಣನ್ನು ಕಳಿಸಬೇಕಾದ ದಿನ ಮಂಗಳವಾರ ಬಂದದ್ದರಿಂದ ಸಣ್ಣಕ್ಕ ಒಪ್ಪಲಿಲ್ಲ. ಹಾಗಾಗಿ ಚಲುವಯ್ಯ ಒಂದು ದಿನ ಹೆಚ್ಚಿಗೆ ಉಳಿದು, ತಾನೇ ಕೂರಿಸಿದ ಶವರಿನ ಕೆಳಗೆ ನಿಂತು ಸ್ನಾನ ಮಾಡಿ, ಟವಲಿಗೆ ಕೈ ಚಾಚಿದರೆ ಗೂಟದಲ್ಲಿ ಟವಲಿರಲಿಲ್ಲ.

"ಯಾರಾದ್ರೂ ಟವಲು ಕೊಡ್ರಪ್ಪ," ಎಂದು ಕೂಗಿದ.

"ಅಕ್ಕಾ ಅಂತ ಕರೀರಿ, ಕೊಡ್ತೀನಿ," ಎಂದಿತು ಬಾಗಿಲ ಆಚೆಯ ದನಿ. ಅವನಿಗೆ ಕರೆಯಬೇಕೋ ಬೇಡವೋ ತಿಳಿಯಲಿಲ್ಲ.

ಮಾರನೆಯ ದಿನ, ಬುಧವಾರ, ಬೆಳಗಿನ ರೈಲಿಗೆ ಮಲ್ಲಿಗೆ ಅವನ ಜೊತೆ ಹೊರಟಳು.