ಒಬ್ಬಾಕಿಗೆಂದು ತಂದ ಕುರ್ಚಿ

ಇದು ನಡೆದದ್ದೇ! ಇದರಲ್ಲಿ ಒಂದು ಮಾತು ಸುಳ್ಳಾದರೂ ಇವತ್ತು ನನ್ನ ರೊಟ್ಟಿಯ ಮೇಲೆ ಎಣ್ಣೆಗಾಯಿ ಪಲ್ಯ ಬೀಳದೇ ಹೋಗಲಿ. ಮುಂಡಗೋಡ ಹತ್ತಿರದ ನಮ್ಮ ಇಂದೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಇಲ್ಲ ಎಂದವರು ಆಗ ಹುಟ್ಟಿರಲಿಲ್ಲ ಎಂದು ತಿಳಿಯಿರಿ.

ಮೂವತ್ತೆಂಟನೇ ಇಸವಿಯ ಕಾರ್ತಿಕ ಮಾಸ. ಸಂಜೆ ಹೊತ್ತು. ಚನಬಸಪ್ಪನವರ ಮನೆಯ ಸೊಸೆ ನೀಲಕ್ಕ ಬಾಗಿಲ ಸಂದಿನಿಂದ ಅಂಗಳ ನೋಡುತ್ತಿದ್ದಳು. ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕಾರಕೂನನಾಗಿದ್ದ ಗಂಡ ಈಶಪ್ಪ ಅಂದು ಊರಿಗೆ ಬರುವವನಿದ್ದ.

ಆದರೆ ಅಂಗಳಕ್ಕೆ ಬಂದದ್ದು ಗಂಡನಲ್ಲ, ಒಂದು ಪ್ರಾಣಿ! ಅದರ ನಾಲ್ಕು ಕಾಲು ಆಕಾಶಕ್ಕಿದ್ದವು. ಕೆಳಗೆ ಮನುಷ್ಯರ ಎರಡು ಕಾಲು. ನಡುವೆ ಬೆವರಿಳಿಯುವ ಒಂದು ಮುಖ.

ಆ ಮುಖ ನೇರವಾಗಿ ಇವಳನ್ನೇ ನೋಡಿತು.

ಗಂಡನೇ! ನೀಲಕ್ಕ ಥಟ್ಟನೆ ಸೆರಗು ಮುಂದೆಳೆದುಕೊಂಡಳು. ಮದುವೆಯಾಗಿ ಈ ಮನೆಗೆ ನಡೆಯಲು ಬಂದು ಮೂರು ತಿಂಗಳಾಗಿತ್ತು. ಹಿರಿಯರ ಮುಂದೆ ಗಂಡ ಹೆಂಡತಿ ಮಾತಾಡುವಂತಿಲ್ಲ, ಹಿರಿಯರಿಲ್ಲದ ಜಾಗ ಆ ಮನೆಯಲ್ಲಿ ಇಲ್ಲ. ಇಬ್ಬರ ನಡುವೆ ಇದುವರೆಗೆ ಆದ ಮಾತೆಂದರೆ 'ನೀರು', 'ತಗೋರಿ', 'ಹ್ಞೂಂ'. ಅಷ್ಟೇ.

ಈಶಪ್ಪ ತಲೆಯ ಮೇಲಿನ ಹೊರೆಯನ್ನು ಪಡಸಾಲೆಯಲ್ಲಿ ಇಳಿಸಿದ. ತೇಗದ ಕುರ್ಚಿ! ಕೈಗೆ ಸಿಂಹದ ತಲೆ, ಕಾಲಿಗೆ ಸಿಂಹದ ಉಗುರು. ಕೂರುವ ಜಾಗದಲ್ಲಿ ಮಾತ್ರ ಬೆತ್ತ ಹರಿದು ದೊಡ್ಡ ತೂತು.

"ಜಂಗಲ್ ಸಾಹೇಬ ಊರು ಬಿಟ್ಟ. ಬಂಗ್ಲೇದ ಸಾಮಾನೆಲ್ಲಾ ಲಿಲಾವಿನ್ಯಾಗ ಕೂಗಿ ಮಾರಿದ್ರು. ಅವರಜ್ಜನ ಕಾಲದ್ದಂತ ಇದು," ಎಂದ ಈಶಪ್ಪ.

ಅತ್ತೆ ಗುರುಸಿದ್ದವ್ವ ತೂತಿನೊಳಗೆ ಕೈ ಹಾಕಿ ಆಡಿಸಿದಳು. "ಇದರಾಗ ಕುಂತ್ರ ನೆಲಕ್ಕ ಬೀಳೂದೇ ಅಲ್ಲೇನೋ ಈಶ್ಯಾ? ಯಾರಿಗೆ ತಂದಿ ಇದನ್ನ?"

ಈಶಪ್ಪನ ಕಿವಿ ಕೆಂಪಾದವು. ಅಪ್ಪನನ್ನು ನೋಡಿದ, ನೆಲ ನೋಡಿದ.

"ಒಬ್ಬಾಕಿಗೆ..." ಎಂದ. "ಆಕಿ ಕುಂಡ್ರೂತನಾ ಯಾರೂ ಕುಂಡ್ರಬ್ಯಾಡ್ರಿ. ತುಸು ಬಣ್ಣ ಹಚ್ಚಿದ್ರ, ತೂತು ನೇದ್ರ ಛಲೋ ಆಗ್ತೈತಿ. ಕಸೂತಿ ಹಾಕೂ ಕೈ ಅದಾವಲ್ಲ ಮನ್ಯಾಗ..."

ಮರುದಿನ ನಸುಕಿನಲ್ಲೇ ಅವನು ದಾಂಡೇಲಿಗೆ ಹೊರಟುಹೋದ.

ಒಬ್ಬಾಕಿಗೆ! ಯಾವ ಒಬ್ಬಾಕಿಗೆ?

ನೀಲಕ್ಕ ಅಡುಗೆಮನೆಯಲ್ಲಿ ಲೆಕ್ಕ ಹಾಕಿದಳು. ಈ ಮನೆಯ ಹೆಂಗಸರು ಕುರ್ಚಿಯಲ್ಲಿ ಕೂರುವುದಿಲ್ಲ. ಅತ್ತೆ ಕಂಬಳಿಯ ಮೇಲೆ, ಸೊಸೆ ಬರೀ ನೆಲದ ಮೇಲೆ. ಸೊಸೆಯಾದವಳು ಅತ್ತೆಗಿಂತ ಒಂದು ಬೆರಳು ಎತ್ತರ ಕೂತರೂ ಊರೇ ನಗುತ್ತದೆ. ಅಂದಮೇಲೆ ಆ ಕುರ್ಚಿ ಅತ್ತೆಗಲ್ಲ. ತನಗಂತೂ ಅಲ್ಲವೇ ಅಲ್ಲ.

ಪಕ್ಕದ ಮನೆಯ ಕಾಶೆವ್ವ ಮಜ್ಜಿಗೆ ಕೇಳಲು ಬಂದವಳು ಉಳಿದ ಲೆಕ್ಕ ಮುಗಿಸಿಕೊಟ್ಟಳು.

"ದಾಂಡೇಲ್ಯಾಗ ಒಬ್ಬಾಕಿ ನರ್ಸಬಾಯಿ ಬಂದಾಳಂತ. ಕುರ್ಚಿ ಮ್ಯಾಲ ಕುಂತು, ಕಾಲ ಮ್ಯಾಲ ಕಾಲು ಹಾಕಿ, ಚಾ ಕುಡೀತಾಳಂತವಾ!"

"ಕಾಲ ಮ್ಯಾಲ ಕಾಲಾ?"

"ಹ್ಞೂಂ ಮತ್ತ! ನೀ ಹಾಕ್ತೀಯೇನು?"

ನೀಲಕ್ಕನ ಕಣ್ಣು ತುಂಬಿದವು. ಕಾಲ ಮೇಲೆ ಕಾಲು ದೂರದ ಮಾತು. ಅವಳ ಬಲಗಾಲಿನ ಮೊಣಕಾಲು ಸರಿಯಾಗಿ ಮಡಚುತ್ತಲೇ ಇರಲಿಲ್ಲ! ಎರಡು ವರ್ಷದ ಹಿಂದೆ ಮೇವಿನ ಬಣವೆಯಿಂದ ಬಿದ್ದಿದ್ದಳು. ಅಪ್ಪ ಅದನ್ನು ಮುಚ್ಚಿಟ್ಟು ಮದುವೆ ಮಾಡಿದ್ದ. 'ಅವರಿಗೆ ತಿಳೀತಂದ್ರ ಹೊಳ್ಳಿ ಕಳಸ್ತಾರ, ಹುಷಾರು ಮಗಳ!' ಎಂದಿದ್ದ. ಅದಕ್ಕೇ ಮೂರು ತಿಂಗಳಿಂದ ಹಲ್ಲು ಕಚ್ಚಿ ನೆಲದ ಮೇಲೆ ಕೂರುತ್ತಿದ್ದಳು. ಏಳುವಾಗ ಯಾರೂ ನೋಡದಂತೆ ಗೋಡೆ ಹಿಡಿಯುತ್ತಿದ್ದಳು.

'ಕಾಲಿನ ಗುಟ್ಟು ತಿಳಿದರೆ ನನ್ನನ್ನು ಕಳಿಸಿ, ಆ ಕಾಲ ಮೇಲೆ ಕಾಲಿನವಳನ್ನು ತರುತ್ತಾರೆ! ಅವಳ ಕುರ್ಚಿಗೆ ನಾನೇ ಬಣ್ಣ ಹಚ್ಚಬೇಕೇ?'

ಹಚ್ಚಬೇಕಿತ್ತು. ಮಾವ ಚನಬಸಪ್ಪ ಆಗಲೇ ಅಗಸೆ ಎಣ್ಣೆಯ ಗಡಿಗೆ ತಂದು ಮುಂದಿಟ್ಟಿದ್ದರು. "ಮಗ ಹೇಳ್ಯಾನ. ಹಚ್ಚವಾ."

ಕೆಡಿಸಿಯೇಬಿಡುತ್ತೇನೆ ಎಂದು ಕೂತಳು ನೀಲಕ್ಕ. ಕೆಮ್ಮಣ್ಣು ಅರೆದು ಎಣ್ಣೆಗೆ ಕಲಸಿ ಅಡ್ಡಾದಿಡ್ಡಿ ಬಳಿಯೋಣವೆಂದು ಕುಂಚ ಹಿಡಿದಳು. ಆದರೆ ಕೈ ಕೇಳಬೇಕಲ್ಲ! ಹಾಳು ಕೈ, ನೀಟಾಗಿ ಬಳಿಯಿತು. ಸಿಂಹದ ಕೂದಲಿಗೆ ಒಂದೊಂದು ಗೆರೆ ಎಳೆಯಿತು.

"ಥೂ! ನನ್ನ ಕೈಯೇ ನನಗ ವೈರಿ!" ಎಂದು ಕುಂಚ ಒಗೆದಳು.

ಅಗಸೆ ಎಣ್ಣೆ ಒಣಗುವುದೆಂದರೆ ಸುಮ್ಮನೆಯೇ? ಮೂರನೇ ದಿನವೂ ಹಸಿ. ಏಳು ಕೋಳಿಗಳು ಅದರ ಮೇಲೆ ನಡೆದವು. ಓಡಿಸಲು ಹೋದರೆ ಎಂಟನೆಯದೂ ಬಂತು. ಆಡು ಬಂದು ಹಿಂದಿನ ಕಾಲನ್ನು ಪೂರ್ತಿ ನೆಕ್ಕಿಬಿಟ್ಟಿತು. ಆ ಆಡಿನ ಗಡ್ಡ ಯುಗಾದಿಯವರೆಗೂ ಕೆಂಪಗಿತ್ತು. ಮುಂದೆ ಅದಕ್ಕೆ ಹುಟ್ಟಿದ ಮರಿಗಳಿಗೂ!

ಕೆರೆದು ಮತ್ತೆ ಹಚ್ಚಿದಳು. ಈ ಸಲ ಮುಂಡಗೋಡ ಸಂತೆಯಿಂದ ಬಂದ ಹಸಿರು ಬಣ್ಣ. ಅದು ಒಣಗುವ ಮೊದಲೇ ಚನಬಸಪ್ಪನವರು ಮರೆತು ಅದರ ಸಿಂಹದ ಕೈಗೆ ಒರಗಿದರು.

"ಮಾವಾರ... ನಿಮ್ಮ ಧೋತರ..."

"ಏನಾಗೇತಿ ಧೋತರಕ್ಕ?"

ಏನಾಗಿತ್ತು ಎಂದು ಸೊಸೆ ಮಾವನಿಗೆ ಹೇಗೆ ಹೇಳುವುದು? ಹಿಂದಿನಿಂದ ಅದರ ಮೇಲೆ ಸಿಂಹದ ಮುಖ ಸ್ಪಷ್ಟವಾಗಿ ಮೂಡಿತ್ತು. ಅವರು ಹಾಗೆಯೇ ಪೇಟೆ ಸುತ್ತಿ ಬಂದರು. ಮರುದಿನ ನಾಲ್ಕು ಜನ ಸಿಂಹದ ಧೋತರ ಎಲ್ಲಿ ಸಿಗುತ್ತದೆಂದು ವಿಚಾರಿಸಿಕೊಂಡು ಮನೆಗೇ ಬಂದರು!

ಮತ್ತೆ ಕೆರೆ, ಮತ್ತೆ ಹಚ್ಚು. ನೀಲಕ್ಕನ ಉಗುರಿನ ಸಂದಿಯಲ್ಲಿ ಹಸಿರು, ತಿನ್ನುವ ರೊಟ್ಟಿಯಲ್ಲಿ ಅಗಸೆ ಎಣ್ಣೆಯ ವಾಸನೆ. ಪುಂಡಿ ನಾರು ಹೊಸೆದು ತೂತು ನೇಯ್ದಳು. ಅಂಗೈ ಸುಲಿಯಿತು. ಕುರ್ಚಿಯ ಬೆನ್ನಿಗೆ ಕಸೂತಿಯ ಗೋಪುರ ಬರೆದಳು, ಆನೆ ಬರೆದಳು. ಎರಡು ನವಿಲು ಬರೆಯುವಾಗ ಮಾತ್ರ ಅಳು ತಡೆಯಲಾಗಲಿಲ್ಲ.

'ಇಷ್ಟು ಚೆಂದ ಯಾಕೆ ಬಂದ್ರಿ, ಸುಡುಗಾಡು ನವಿಲುಗಳಾ! ಅವಳ ಬೆನ್ನಿಗೆ ಒರಗಲು ನಿಮಗೆ ನಾಚಿಕೆ ಇಲ್ಲವೇ?'

ಹದಿನೈದು ದಿನಕ್ಕೆ ಕುರ್ಚಿ ಮುಗಿಯಿತು. ನೀಲಕ್ಕ ತನ್ನ ಎರಡು ಸೀರೆಗಳನ್ನು ಗಂಟು ಕಟ್ಟಿದಳು. ಅವರು ಕಳಿಸುವ ಮೊದಲು ತಾನೇ ಹೋಗಿಬಿಡುವುದು ಲೇಸು.

ಅಂದು ಮಧ್ಯಾಹ್ನವೇ ಈಶಪ್ಪ ಬಂದ. ಕುರ್ಚಿಯ ಮುಂದೆ ನಿಂತವನು ಉಸಿರು ಬಿಡುವುದನ್ನೇ ಮರೆತ. ನವಿಲುಗಳನ್ನು ಬೆರಳಿನಿಂದ ಮುಟ್ಟಿದ. ಮುಖದ ತುಂಬ ನಗು!

ಆ ನಗು ನೋಡಿ ನೀಲಕ್ಕನ ತಾಳ್ಮೆಯ ಕಟ್ಟೆ ಒಡೆಯಿತು. ಅತ್ತೆ ಕೂತಿದ್ದಾಳೆ, ಮಾವ ಕೂತಿದ್ದಾರೆ... ಯಾವುದೂ ನೆನಪಾಗಲಿಲ್ಲ. ಗಂಟು ಬಗಲಲ್ಲಿ ಹಿಡಿದು ಪಡಸಾಲೆಗೇ ಬಂದುಬಿಟ್ಟಳು.

"ಆತಲ್ರಿ ಕುರ್ಚಿ? ಇನ್ನ ಕರಕೊಂಡು ಬರ್ರಿ ಆಕೀನ್ನ!"

ಗುರುಸಿದ್ದವ್ವನ ಬಾಯಿಯ ಎಲೆಯಡಿಕೆ ಅಲ್ಲೇ ನಿಂತಿತು.

"ಯಾರನ್ನ?" ಎಂದ ಈಶಪ್ಪ.

"ಅದ... ನರ್ಸಬಾಯಿನ್ನ! ಕಾಲ ಮ್ಯಾಲ ಕಾಲು ಹಾಕಾಕೀನ್ನ!"

"ಆಕೀಗೆ ಅರವತ್ತು ವರ್ಷ ಆಗ್ಯಾವ! ನನಗ 'ಮಗಾ' ಅಂತಾಳ ಆಕಿ!"

"ಹಂಗಾರ ಯಾರಿಗ್ರಿ ಈ ಕುರ್ಚಿ?"

ಈಶಪ್ಪನ ಕಿವಿ ಮತ್ತೆ ಕೆಂಪಾದವು. ಅಪ್ಪನ ಮುಂದೆ ಹೇಳುವ ಮಾತೇ ಅದು? ಆದರೆ ಹೆಂಡತಿಯ ಬಗಲಲ್ಲಿ ಗಂಟಿತ್ತು. ಹೇಳದಿದ್ದರೆ ಹೊರಟೇಹೋಗುತ್ತಾಳೆ!

"ನಿನಗ," ಎಂದ.

"ಸುಳ್ಳ!"

"ದಸರಾಕ್ಕ ಬಂದಾಗ ನೋಡೇನಿ. ನೀ ಉಣ್ಣಾಕ ಕುಂಡ್ರೂ ಜಾಗದಾಗ ಗ್ವಾಡಿ ಸುಣ್ಣ ಸವದೈತಿ. ಅಂಗೈ ಅಷ್ಟಗಲ. ಏಳೂ ಮುಂದ ಅಲ್ಲೇ ಹಿಡೀತಿ. ಸೆರಗಿನ ಸಂದ್ಯಾಗ ಕಂಡೇನಿ, ತುಟಿ ಕಚ್ಚತಿ... ಒಂದ್ಸಲ ರಕ್ತ ಬಂದಿತ್ತು. ಕೇಳಬೇಕಂದ್ರ ಎಲ್ಲಿ ಕೇಳ್ಲಿ? ಮನಿತುಂಬ ಹಿರೇರು. ಅದಕ್ಕ ಕುರ್ಚಿ ತಂದ್ನಿ."

ನೀಲಕ್ಕನ ಗಂಟು ಜಾರಿ ಬಿತ್ತು. ಗುಟ್ಟು ಹೊರಬಿದ್ದಿತ್ತು. ಮುಗಿಯಿತು!

ಗುರುಸಿದ್ದವ್ವ ಮೆಲ್ಲಗೆ ಎದ್ದು ಬಂದಳು. "ಕಾಲಿಗೆ ಏನಾಗೇತಿ?"

"ಬಣವಿ ಮ್ಯಾಲಿಂದ ಬಿದ್ದಿದ್ನಿ ಅತ್ತೀ... ಮಡಚಾಕ ಬರಂಗಿಲ್ಲ. ತಿಳಿದ್ರ ನೀವು ಹೊಳ್ಳಿ ಕಳಸ್ತೀರಂತ..."

"ಮಡಚಾಕ ಬರದ ಕಾಲು ಮಡಚಿ ಮೂರು ತಿಂಗ್ಳು ನನ್ನ ಮುಂದ ಕುಂತ್ಯಾ?" ಅತ್ತೆಯ ದನಿ ಏರಿತು, ಏರಿ ಒಡೆಯಿತು. "ಎಂಥಾ ಹುಚ್ಚಿ ಅದಿಯೇ ನೀ! ಸುಳ್ಳು ಹೇಳಿ ಕೊಟ್ಟ ನಿಮ್ಮಪ್ಪ ನನ್ನ ಕೈಗೆ ಸಿಗಲಿ, ಆಮ್ಯಾಲ ನೋಡ್ತೇನಿ. ನಿನ್ನ ಯಾಕ ಕಳಸ್ಲಿ?"

ನೀಲಕ್ಕ ಬಿಕ್ಕಿದಳು. ಈಶಪ್ಪ ಕುರ್ಚಿಯನ್ನು ಅವಳ ಕಡೆ ಸರಿಸಿದ.

"ಕುಂಡ್ರು."

"ನಿಂದರು!" ಎಂದಳು ಗುರುಸಿದ್ದವ್ವ. "ಕುಂಡ್ರಲಿ, ಬ್ಯಾಡನ್ನಂಗಿಲ್ಲ. ಆದ್ರ ಅತ್ತಿ ನೆಲದಾಗ, ಸೊಸಿ ಕುರ್ಚ್ಯಾಗ? ನಮ್ಮ ಮನಿತನದಾಗ ಆಗಿಲ್ಲ. ನನಗಿಂತ ಮ್ಯಾಲ ಆಕಿ ಕುಂಡ್ರಂಗಿಲ್ಲ!"

ಈಶಪ್ಪ ತಲೆ ಹಿಡಿದುಕೊಂಡ. ಎಷ್ಟು ಕಷ್ಟಪಟ್ಟು ಹೊತ್ತು ತಂದ ಕುರ್ಚಿ! ಹೆಂಡತಿ ಮೂರು ಸಲ ಬಣ್ಣ ಹಚ್ಚಿದ ಕುರ್ಚಿ! ನೀಲಕ್ಕನಿಗಂತೂ ಅಳುತ್ತಳುತ್ತಲೇ ಸಿಟ್ಟು ನೆತ್ತಿಗೇರಿತು.

"ಹಂಗಾರ ನೀವು ಇನ್ನೂ ಮ್ಯಾಲ ಹತ್ತಿ ಕುಂಡರ್ರಿ, ಅತ್ತೀ!"

ಗುರುಸಿದ್ದವ್ವ ಯೋಚಿಸಿದಳು. ಯೋಚಿಸಿದಷ್ಟೂ ಆ ಮಾತು ಅವಳಿಗೆ ರುಚಿಸಿತು.

"ಈಶ್ಯಾ, ನನ್ನ ಮದವೀ ಪೆಟಗಿ ಹೊರಗ ತಾ!"

ಮೂಲೆಯಲ್ಲಿ ಬಿದ್ದಿದ್ದ ಹಿತ್ತಾಳೆ ಪಟ್ಟಿಯ ಹಳೇ ಮರದ ಪೆಟ್ಟಿಗೆ ಪಡಸಾಲೆಗೆ ಬಂತು. ಎದೆಮಟ್ಟದ ಎತ್ತರ. ಗುರುಸಿದ್ದವ್ವ ಅದನ್ನು ಹತ್ತಿ, ಕಾಲು ಇಳಿಬಿಟ್ಟು, ರಾಣಿಯ ಹಾಗೆ ಕೂತಳು. ಈಗ ನೀಲಕ್ಕ ಕುರ್ಚಿಯಲ್ಲಿ ಕೂರಬಹುದಿತ್ತು. ಕೂತಳು. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಅವಳ ಬಲಗಾಲು ನೋವಿಲ್ಲದೆ ಚಾಚಿಕೊಂಡಿತು. ಆಹಾ...!

ಆದರೆ ಚನಬಸಪ್ಪನವರು ಎದ್ದು ನಿಂತಿದ್ದರು. "ಹೆಂಡ್ತಿ ಗಂಡಗಿಂತ ಮ್ಯಾಲ? ಎಲ್ಲ್ಯರ ಉಂಟ? ಏಣಿ ಹಾಕು!"

ಅವರು ಅಟ್ಟ ಹತ್ತಿದರು. ಅಂದಿನಿಂದ ನ್ಯಾಯ ಕೇಳಲು ಊರಿನ ಪಂಚರಾದ ಅವರ ಮನೆಗೆ ಬಂದವರೆಲ್ಲ ಕುತ್ತಿಗೆ ಮೇಲೆತ್ತಿಯೇ ಮಾತಾಡಬೇಕಾಯಿತು. ಸೋಮವಾರ ಮಠದ ಅಡಿವೆಯ್ಯನವರು ಬಂದರು. ಅಯ್ಯನವರು ಎಲ್ಲರಿಗಿಂತ ಎತ್ತರ ಕೂರಬೇಕಲ್ಲ? ಛಾವಣಿಯ ಹಂಚಿನ ಮೇಲೆ ಕಂಬಳಿ ಹಾಸಿ ಕೂರಿಸಿದರು! ಅಲ್ಲಿಂದ ಅವರಿಗೆ ಹಳಿಯಾಳದ ಕೋಟೆ ಕಂಡಿತಂತೆ. ಮುಂದಿನ ಸೋಮವಾರ ತಾವೇ ಏಣಿ ಹಿಡಿದುಕೊಂಡು ಬಂದರು.

ಅದು ಆಮೇಲಿನ ಮಾತು. ನೀಲಕ್ಕ ಕುರ್ಚಿಯಲ್ಲಿ ಕೂತ ಆ ಮೊದಲ ದಿನವೇ ಸಂಜೆ ಅತ್ತೆಯೂ ಗಾಳಿ ಚೆನ್ನಾಗಿದೆಯೆಂದು ಅಟ್ಟಕ್ಕೇ ಹೋದಳು. ಕೆಳಗೆ ಪಡಸಾಲೆ ಖಾಲಿ. ನೀಲಕ್ಕ ಕುರ್ಚಿಯಲ್ಲಿ, ಈಶಪ್ಪ ಕಂಬಕ್ಕೆ ಒರಗಿ.

ಇಬ್ಬರೂ ಒಮ್ಮೆಲೇ ತಿಳಿದುಕೊಂಡರು... ಮನೆಯ ಹಿರಿಯರೆಲ್ಲ ಮೇಲಿದ್ದಾರೆ! ಕೇಳುವವರು ಯಾರೂ ಇಲ್ಲ!

"ನೀಲಾ..." ಎಂದ ಮೊದಲ ಬಾರಿಗೆ.

"ಹ್ಞಾಂ?"

"ನನಗ ಸಿಟ್ಟಾಗಿ ಏನೇನು ಬೈದಿ?"

"ಎಲ್ಲಾ ಹೇಳಾಕ ಎರಡು ದಿನ ಬೇಕ್ರಿ."

"ನಾಕು ದಿನ ರಜಾ ಹಾಕೇನಿ."

ಅವಳು ನಕ್ಕಳು. ಅವನು ಹತ್ತಿರ ಬಂದು ಕುರ್ಚಿಯ ಪಕ್ಕ ನೆಲದ ಮೇಲೆ ಕೂತ.

"ಅಯ್ಯ, ಏಳ್ರಿ! ಗಂಡಸರು ಹೆಂಡ್ತಿ ಕೆಳಗ ಕುಂಡ್ರಬಾರ್ದು!"

"ಇಲ್ಲಿಂದ ನಿನ್ನ ಮಾರಿ ಛಲೋ ಕಾಣತೈತಿ. ಮೂರು ತಿಂಗ್ಳು ಬರೀ ಸೆರಗು ನೋಡೇನಿ."

ನೀಲಕ್ಕ ಹಸಿರು ಹತ್ತಿದ ತನ್ನ ಸುಲಿದ ಅಂಗೈಯನ್ನು ಅವನ ಕೈಯಲ್ಲಿ ಇಟ್ಟಳು. "ಉರೀತೈತಿ," ಎಂದಳು. ಅವನು ಊದಿದ.

ಮುಗಿಯಿತು ಕಥೆ. ಆದರೆ ಒಂದು ಮಾತು. ವಯಸ್ಸಿನಲ್ಲಿ ನಾನು ನಿಮಗಿಂತ ಹಿರಿಯ. ನೀವು ಕುರ್ಚಿಯಲ್ಲಿ, ನಾನು ಈ ಚಾಪೆಯ ಮೇಲೆ. ರೀತಿ ರಿವಾಜು ಈಗ ತಾನೇ ಕೇಳಿದಿರಿ. ಹ್ಞೂಂ, ಏಳಿ ಮತ್ತೆ! ಎದ್ದವರು ಹಾಗೇ ಒಳಗೆ ಹೋಗಿ, ಎಣ್ಣೆಗಾಯಿ ಆಯಿತೇ ನೋಡಿಕೊಂಡು ಬನ್ನಿ.