ಬ್ರೆಝಾನೊವ್ ಚೌಕದ ಬ್ರೆಡ್ಡಿನ ಮನೆ

೧೯೯೧ರ ಡಿಸೆಂಬರ್ ಒಂಬತ್ತು, ಸೋಮವಾರ. ಬೆಳಿಗ್ಗೆ ಎಂಟೂವರೆಗೆ ಠಾಣೆಗೆ ಬಂದ ದೂರು ಕೇಳಿ ಕಾನ್‌ಸ್ಟೇಬಲ್ ಗರ್ಟ್ರೂಡ್ ವಾಂಜಿರು ಪೆನ್ನು ಕೆಳಗಿಟ್ಟಳು. ಎದುರಿಗೆ ನಿಂತ ಬಿಳಿ ಮುದುಕ ಮನೆ ಕಳವಾಗಿದೆ ಅನ್ನುತ್ತಿದ್ದ. ಮನೆಯೊಳಗಿಂದ ಏನು ಹೋಯಿತು ಅಂತ ಕೇಳಿದರೆ, ಒಳಗಿಂದ ಏನೂ ಹೋಗಿಲ್ಲ, ಮನೆಯೇ ಹೋಗಿದೆ ಅನ್ನುತ್ತಿದ್ದ. ಎಷ್ಟು ದೊಡ್ಡ ಮನೆ ಅಂದದ್ದಕ್ಕೆ ಎರಡು ಅಂಗೈ ಜೋಡಿಸಿ ತೋರಿಸಿದ. ಇದು ತನ್ನ ಕೈಲಾಗುವ ಕೇಸಲ್ಲ ಅಂತ ಅವಳು ಇನ್ಸ್‌ಪೆಕ್ಟರ್ ಲಾರೆನ್ಸ್ ತಾವ್ರೊನನ್ನು ಕರೆದಳು.

ನೈರೋಬಿ ಪೊಲೀಸರಲ್ಲಿ ಮಂಗಳೂರು ಮೂಲದವನು ಅಂದರೆ ಹುಡುಕಿದರೂ ಸಿಗದ ಸರಕು. ಲಾರೆನ್ಸನ ಅಪ್ಪ ಕಿನ್ನಿಗೋಳಿಯಿಂದ ರೈಲ್ವೆ ಗುಮಾಸ್ತಿಕೆಗೆ ಬಂದವರು, ಮಗ ಇಲ್ಲೇ ಹುಟ್ಟಿದವನು. ಬ್ಯಾಂಕು ಸೇರೋ ಅಂದರೆ ಲಾಠಿ ಹಿಡಿದ ಅಂತ ಅವನ ತಾಯಿ ಸಾಯುವ ತನಕ ಗೊಣಗಿದ್ದರು. ಹೊಟ್ಟೆ ಸ್ವಲ್ಪ ಮುಂದೆ, ಮಾತು ಕಡಿಮೆ. ಮುದುಕನನ್ನು ಕೂರಿಸಿ, ಚಹಾ ತರಿಸಿ, ಮೊದಲಿಂದ ಹೇಳಿ ಅಂದ.

ಮುದುಕನ ಹೆಸರು ಓತಕಾರ್ ಮಾರೆಶ್, ವಯಸ್ಸು ಎಪ್ಪತ್ತೆಂಟು. ಚೆಕೊಸ್ಲೊವಾಕಿಯಾದ ಬ್ರೆಝಾನೊವ್ ಅನ್ನುವ ಸಣ್ಣ ಊರಿನವನು. ಯುದ್ಧಕ್ಕೆ ಸ್ವಲ್ಪ ಮೊದಲು ಹೆಂಡತಿ ಹೆರ್ಮೀನಾಳ ಜೊತೆ ಲಿಮುರುವಿಗೆ ಬಂದು, ಬೂಟು ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾಗಿ, ಈಗ ರಿವರ್‌ಸೈಡಿನಲ್ಲಿ ಒಬ್ಬನೇ ಇದ್ದ. ಹೆರ್ಮೀನಾ ತೀರಿಕೊಂಡು ಮೂರು ವರ್ಷವಾಗಿತ್ತು. ಲಿಮುರುವಿನ ದೇವದಾರು ಮರದಲ್ಲಿ ಅವನು ವರ್ಷಗಟ್ಟಲೆ ಕೂತು ತನ್ನ ಊರನ್ನೇ ಕೆತ್ತಿದ್ದ. ಕ್ರಿಸ್‌ಮಸ್ ಬಂತೆಂದರೆ ಆ ಊರು ಮೇಜಿನ ಮೇಲೆ ಹರಡಿಕೊಳ್ಳುತ್ತಿತ್ತು, ಅದರ ನಡುವಿನ ಒಂದು ಕೊಟ್ಟಿಗೆಯಲ್ಲಿ ಬಾಲಯೇಸು ಹುಟ್ಟುತ್ತಿದ್ದ. ನಮ್ಮ ಕರಾವಳಿಯ ಕ್ರಿಸ್ತರು ಇದನ್ನೇ ಗೋದಲಿ ಅನ್ನುತ್ತಾರೆ, ಆದರೆ ನಮ್ಮ ಗೋದಲಿಗೆ ಅಂಗಡಿಯಿಂದ ತಂದ ಬೊಂಬೆಗಳೇ ಸಾಕು.

ಈಗ ಅಲ್ಲಿ ಸರಕಾರ ಬದಲಾಗಿ ಗಡಿ ತೆರೆದಿತ್ತು. ಊರಿನ ಮ್ಯೂಸಿಯಮ್ಮಿನವರು ಆ ಗೋದಲಿ ಕೊಡುತ್ತೀರಾ ಅಂತ ಕೇಳಿದ್ದರು. ಗುರುವಾರ ಜಮ್‌ಹೂರಿ ದಿನ, ಇಲ್ಲಿನ ಗಣರಾಜ್ಯೋತ್ಸವದ ರಜೆ, ಹಾಗಾಗಿ ಬುಧವಾರವೇ ಪೆಟ್ಟಿಗೆ ವಿಮಾನಕ್ಕೆ ಹೋಗಬೇಕು. ಭಾನುವಾರ ಕೊನೆಯ ಸಲ ಅಂತ ಚರ್ಚಿನವರನ್ನೂ ನೆರೆಯವರನ್ನೂ ಕರೆದು ತೋರಿಸಿದ್ದ. ಸೋಮವಾರ ಎದ್ದು ಪೆಟ್ಟಿಗೆಗೆ ತುಂಬಲು ಹೋದರೆ, ಚೌಕದ ಮೂಲೆಯ ಬ್ರೆಡ್ಡಿನ ಮನೆ, ಅಂದರೆ ಬೇಕರಿ, ಇಲ್ಲ.

"ಬೇರೆ ಯಾವ ಮನೆ ಹೋಗಿದ್ದರೂ ಇನ್ನೊಂದು ಕೆತ್ತುತ್ತಿದ್ದೆ. ಅದು ನನ್ನ ಹೆಂಡತಿ ಹುಟ್ಟಿದ ಮನೆ. ಈ ಕೈ ಈಗ ಉಳಿ ಹಿಡಿಯುವುದಿಲ್ಲ," ಅಂದು ಮುದುಕ ನಡುಗುವ ಬಲಗೈಯನ್ನು ಮೇಜಿನ ಮೇಲೆ ಇಟ್ಟ.

ನಮ್ಮ ಕಡೆ FIR ಅನ್ನುವುದಕ್ಕೆ ಇಲ್ಲಿ OB, ಅಂದರೆ ಠಾಣೆಯ ಘಟನೆಗಳ ಪುಸ್ತಕ, ಅನ್ನುತ್ತಾರೆ. ಹೆಸರು ಏನಾದರೇನು, ಬರೆದದ್ದು ಬರೆದದ್ದೇ. ಗರ್ಟ್ರೂಡ್ ಬರೆದುಕೊಂಡಳು: ಮರದ ಮನೆ ಒಂದು, ಬಣ್ಣ ಹಳದಿ.

ಹತ್ತು ಗಂಟೆಗೆ ಸ್ಥಳ ಪಂಚನಾಮೆ. ಊರು ಮೇಜಿನ ಮೇಲೆ ಇನ್ನೂ ಹಾಗೇ ಇತ್ತು. ಕಾಣೆಯಾದ ಮನೆಯ ಜಾಗ ನೋಡಬೇಕಾದರೆ ಮೊದಲು ಊರು ತಿಳಿಯಬೇಕು ಅಂತ ಓತಕಾರ್ ಬೆತ್ತ ಹಿಡಿದು ಶುರು ಮಾಡಿದ. ಮೂರು ದಿಕ್ಕಿಗೆ ಗುಡ್ಡ, ನಾಲ್ಕನೆಯ ಕಡೆ ಮೀನಿನ ದೊಡ್ಡ ಕೆರೆ, ನಡುವೆ ಎರಡು ಆಳು ಅಗಲದ ಒಂದು ಹೊಳೆ. ಸ್ವೀಡನ್ನಿನ ಸೈನ್ಯ ಒಮ್ಮೆ ಇಡೀ ಊರು ಸುಟ್ಟಿತ್ತಂತೆ, ಉಳಿದದ್ದು ಈ ಕಲ್ಲಿನ ಸೇತುವೆ ಮಾತ್ರ. ಮಹಾಮಾರಿ ಹೋದ ಮೇಲೆ ಬದುಕುಳಿದವರು ಚೌಕದಲ್ಲಿ ಈ ಕಂಬ ನಿಲ್ಲಿಸಿದರಂತೆ. ರೈಲು ಬಂದಾಗ ಹೊಗೆ ಬೇಡ ಅಂತ ಊರವರು ಹಟ ಹಿಡಿದು ಸ್ಟೇಷನ್ನನ್ನು ಆಚೆ ಹೊಲದಲ್ಲಿ ಕಟ್ಟಿಸಿ, ಆಮೇಲೆ ಮೂರು ತಲೆಮಾರು ಗಂಟುಮೂಟೆ ಹೊತ್ತು ನಡೆದರಂತೆ. ಇದನ್ನು ಹೇಳುವಾಗ ಮುದುಕ ನಕ್ಕ, ಗರ್ಟ್ರೂಡಳೂ ನಕ್ಕಳು. ಅವಳ ಊರಿನವರೂ ಟಾರು ರಸ್ತೆ ಬೇಡ ಅಂದು ಈಗ ಕೆಸರು ತುಳಿಯುತ್ತಿದ್ದರು.

ಊರಿಗೆ ಎರಡು ಹೆಸರು, ಚೆಕ್ಕರದ್ದೊಂದು, ಜರ್ಮನ್ ಮಾತಾಡುವವರದ್ದೊಂದು. ಇಬ್ಬರೂ ಒಂದೇ ಅಂಗಡಿಯ ಬ್ರೆಡ್ಡು ತಿನ್ನುತ್ತಿದ್ದರು. ಆ ಅಂಗಡಿ ಹೆರ್ಮೀನಾಳ ಅಪ್ಪನದು, ಅವರು ಜರ್ಮನ್ ಮಾತಿನವರು. ಯುದ್ಧ ಮುಗಿದ ಮರುವರ್ಷ ಆ ಮಾತಿನವರನ್ನೆಲ್ಲ ಗಡಿಯಾಚೆ ಕಳಿಸಿದರು, ಹೆರ್ಮೀನಾಳ ಅಪ್ಪ ಅಮ್ಮನೂ ಹೋದರು. ಇದನ್ನು ಓತಕಾರ್ ಬೇಗ ಹೇಳಿ ಮುಗಿಸಿದ. ಕಾಲ ಹಾಗಿತ್ತು ಅಂದು ಬೆತ್ತವನ್ನು ಚರ್ಚಿನ ಕಡೆ ತಿರುಗಿಸಿದ.

ಲಾರೆನ್ಸ್ ಖಾಲಿ ಜಾಗಕ್ಕೆ ಬಗ್ಗಿದ. ಮನೆಯನ್ನು ಅಂಟಿನಿಂದ ಎಬ್ಬಿಸಿದವರು ತೆಳುವಾದ ಅಲಗು ಬಳಸಿದ್ದರು, ಅವಸರ ಮಾಡಿರಲಿಲ್ಲ. ಪಕ್ಕದ ಮನೆಗೆ ಒಂದು ಗೀರೂ ಬಿದ್ದಿರಲಿಲ್ಲ. ಆಮೇಲೆ ಅವನ ಕಣ್ಣು ಕೊಟ್ಟಿಗೆಗೆ ಹೋಯಿತು. ಮರಿಯಾ ಇದ್ದಳು, ಜೋಸೆಫ್ ಇದ್ದ, ಹುಲ್ಲಿನ ತೊಟ್ಟಿಲು ಖಾಲಿ.

"ಮಗುವೂ ಕಳವಾಗಿದೆಯಲ್ಲ?"

ಓತಕಾರ್ ಅದನ್ನು ಗಮನಿಸಿದ್ದೇ ಆಗ. ಕ್ರಿಸ್‌ಮಸ್‌ಗೆ ಊರೇ ಇಲ್ಲಿರುವುದಿಲ್ಲವಲ್ಲ ಅಂತ ಭಾನುವಾರ ಬಂದವರಿಗೆ ತೋರಿಸಲು ಮಗುವನ್ನು ಮಲಗಿಸಿದ್ದನಂತೆ. ಗರ್ಟ್ರೂಡ್ ಹುಡುಕಿದಾಗ ಅದು ಮೇಜಿನ ಡ್ರಾಯರಿನಲ್ಲೇ ಸಿಕ್ಕಿತು, ಹತ್ತಿಯ ಮೇಲೆ, ಒಗೆದ ಕರವಸ್ತ್ರ ಹೊದ್ದು.

ಅಷ್ಟರಲ್ಲಿ ಪಕ್ಕದ ಮನೆಯ ಕಮಲಾಕ್ಷಿ ಬೇಲಿ ದಾಟಿ ಬಂದರು. ಬೆಂಗಳೂರಿನವರು, ಇಲ್ಲಿ ಗಣಿತ ಪಾಠ ಹೇಳಿ ಕೂದಲು ಬೆಳ್ಳಗಾದವರು, ಭಾನುವಾರ ಅವರೂ ನೋಡಲು ಬಂದಿದ್ದರು. ಲಾರೆನ್ಸನಿಗೆ ಕನ್ನಡ ಬರುತ್ತದೆ ಅಂತ ತಿಳಿದದ್ದೇ ದನಿ ತಗ್ಗಿಸಿದರು.

"ಇನ್ಸ್‌ಪೆಕ್ಟರೇ, ಫಸ್ಟು ಆ ಆಸ್ಕರೀನ ವಿಚಾರ್ಸಿ. ಗೇಟ್ ಕೀ ಅವನ ಹತ್ರಾನೇ ಇರುತ್ತೆ."

ಕಳವು ಅಂದ ಕೂಡಲೇ ಆಸ್ಕರಿ, ಅಂದರೆ ಗೇಟು ಕಾಯುವವನ ಮೇಲೆ ಬೊಟ್ಟು ಮಾಡುವುದು ನೈರೋಬಿಯಲ್ಲಿ ಹಳೆಯ ಚಾಳಿ. ಕಾವಲುಗಾರ ಇನೋಸೆಂಟ್ ಹೂವಿನ ಪಾತಿಯ ಹತ್ತಿರ ನಿಂತು, ತನ್ನ ಸರದಿ ಬಂತು ಅಂತ ಟೋಪಿ ತೆಗೆದಿದ್ದ. ಟಿವಿ ಇತ್ತು, ಕ್ಯಾಮೆರಾ ಇತ್ತು, ಅವನು ಮರದ ಮನೆ ತಗೊಂಡು ಏನು ಮಾಡುತ್ತಾನೆ ಅಂತ ಲಾರೆನ್ಸ್ ಕೇಳಿದ. ಕಮಲಾಕ್ಷಿ ಯೋಚಿಸಿ, ಅದೂ ಸರಿ ಅಂದರು. ಇನೋಸೆಂಟನಿಗೆ ಕೇಳಿದ್ದು ಒಂದೇ ಪ್ರಶ್ನೆ: ಎಲ್ಲರೂ ಹೋದ ಮೇಲೆ ಒಳಗೆ ಯಾರಿದ್ದರು? ಮ್ಝೇ, ಅಂದರೆ ಯಜಮಾನರು, ಮಧ್ಯಾಹ್ನ ಊಟ ಮಾಡಿ ಮಲಗಿದ್ದರು, ಸಿಸ್ಟರ್ ಫಿಲೋಮಿನಾ ಕಪ್ಪು ತೊಳೆದಿಟ್ಟು ಸಂಜೆಗೆ ಹೋದರು ಅಂದ.

ಫಿಲೋಮಿನಾ ಲೋಬೊ ಸನ್ಯಾಸಿನಿಯಲ್ಲ, ನರ್ಸು. ಹೆರ್ಮೀನಾಳ ಕೊನೆಯ ಏಳು ತಿಂಗಳು ಹಗಲಿರುಳು ನೋಡಿಕೊಂಡವಳು, ಆಮೇಲೂ ಪ್ರತಿ ಡಿಸೆಂಬರಿನಲ್ಲಿ ಬಂದು ಊರಿನ ಧೂಳು ಒರೆಸಿ ಕೊಡುವವಳು. ಅವಳನ್ನು ಕೇಳುವುದೇ ಅವಮಾನ ಅಂತ ಓತಕಾರ್ ಕೆಂಪಾದ. ಲಾರೆನ್ಸ್ ಜೀಪಿನ ಕಡೆ ನಡೆದ. ಫಿಲೋಮಿನಾ ಬಾಯಿ ಅವನ ತಾಯಿಯ ಗೆಳತಿ. ಅವನ ಇಬ್ಬರು ಮಕ್ಕಳನ್ನೂ ಮೊದಲು ಎತ್ತಿಕೊಂಡ ಕೈ ಅವಳದು.

ಜೀಪಿನಲ್ಲಿ ಗರ್ಟ್ರೂಡ್ ಕೇಳಿದಳು, ಕಳ್ಳ ಮಗುವನ್ನು ಯಾಕೆ ಎತ್ತಿಟ್ಟ? ಲಾರೆನ್ಸ್ ಹೇಳಿದ, ನಮ್ಮವರ ಗೋದಲಿಯಲ್ಲಿ ಇಪ್ಪತ್ನಾಲ್ಕರ ರಾತ್ರಿ ಪೂಜೆ ಆಗುವ ತನಕ ತೊಟ್ಟಿಲು ಖಾಲಿ ಇರಬೇಕು. ಅವನು ಚಿಕ್ಕವನಿದ್ದಾಗ ಆಸೆ ತಡೆಯದೆ ಮೊದಲೇ ಮಗುವನ್ನು ಇಟ್ಟು, ಅಮ್ಮನ ಕೈಯಲ್ಲಿ ಏಟು ತಿಂದಿದ್ದ. ಕದಿಯಲು ಬಂದರೂ, ಹೊತ್ತಿಗೆ ಮೊದಲೇ ಹುಟ್ಟಿದ ದೇವರನ್ನು ಹಾಗೇ ಬಿಟ್ಟು ಹೋಗಲು ಆ ಕೈಗೆ ಆಗಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ.

ನನ್ನ ಅಜ್ಜಿಯ ಮನೆಯಲ್ಲೂ ತೊಟ್ಟಿಲು ಖಾಲಿಯೇ ಇಡುತ್ತಾರೆ, ಹಾಗಂತ ನಮ್ಮನ್ನೆಲ್ಲ ಹಿಡಿಯುತ್ತೀರಾ ಅಂದಳು ಗರ್ಟ್ರೂಡ್. ಅದೂ ನಿಜವೇ ಆಗಿತ್ತು. ಬೇರೆ ಯಾರಾದರೂ ಆಗಿರಲಿ ಅಂತ ಲಾರೆನ್ಸ್ ದಾರಿಯುದ್ದಕ್ಕೂ ಬೇಡಿಕೊಂಡ.

ಪಾರ್ಕ್‌ಲ್ಯಾಂಡ್ಸಿನ ಮೊದಲ ಮಹಡಿಯ ಫ್ಲಾಟು. ಫಿಲೋಮಿನಾ ಬಾಗಿಲು ತೆರೆದು ಕೊಂಕಣಿಯಲ್ಲೇ ಯೇ ಪುತಾ ಅಂದಳು, ಗರ್ಟ್ರೂಡಳಿಗೆ ಸ್ವಾಹಿಲಿಯಲ್ಲಿ ಕರಿಬು ಅಂದಳು. ಚಹಾ ಬಂತು, ಕ್ರಿಸ್‌ಮಸ್ಸಿನ ಸಿಹಿ ಉಂಡೆ ಗುಳಿಯೊ ಬಂತು. ಭಾನುವಾರ ಕಪ್ಪು ತೊಳೆದು ಹೋದೆ ಅಂತ ಅವಳೂ ಹೇಳಿದಳು. ಈ ವರ್ಷ ಗೋದಲಿ ಎಲ್ಲಿ ಮಾಡಿದ್ದೀರಿ ಅಂತ ಲಾರೆನ್ಸ್ ಕೇಳಿದ. ಮೊಣಕಾಲು ನೋವು, ಈ ವರ್ಷ ಏನೂ ಇಲ್ಲ ಅಂದಳು. ಹೇಳುವಾಗ ಅವಳು ಅವನ ಮುಖ ನೋಡಲಿಲ್ಲ.

ಅಡುಗೆಮನೆಯ ಕಿಟಕಿಯಲ್ಲಿ ಮೂರು ತಟ್ಟೆಗಳಿದ್ದವು. ತಟ್ಟೆ ತುಂಬ ರಾಗಿ ಮೊಳೆತು ಬೆರಳುದ್ದ ಹಸಿರಾಗಿತ್ತು. ಗರ್ಟ್ರೂಡ್ ಅದನ್ನು ನೋಡಿ, ವಿಂಬಿಯನ್ನು, ಅಂದರೆ ರಾಗಿಯನ್ನು, ಹೀಗೆ ತಟ್ಟೆಯಲ್ಲಿ ಯಾಕೆ ಬಿತ್ತಿದ್ದೀರಿ ಅಂದಳು. ಫಿಲೋಮಿನಾ ಚಹಾದ ಕಪ್ಪುಗಳನ್ನು ಎತ್ತತೊಡಗಿದಳು. ಲಾರೆನ್ಸನಿಗೆ ಉತ್ತರ ಬೇಕಿರಲಿಲ್ಲ. ಮಂಗಳೂರಿನ ಮನೆಗಳಲ್ಲಿ ಡಿಸೆಂಬರಿನಲ್ಲಿ ತಟ್ಟೆಗೆ ರಾಗಿ ಬಿತ್ತುವುದು ಒಂದೇ ಕಾರಣಕ್ಕೆ, ಗೋದಲಿಯ ಗದ್ದೆಗೆ.

"ಬಾಯಿ, ಎಲ್ಲಿಟ್ಟಿದ್ದೀರಿ?"

ಅವಳು ಎದ್ದು ಮಲಗುವ ಕೋಣೆಗೆ ಕರೆದುಕೊಂಡು ಹೋದಳು. ಮಂಚದ ಪಕ್ಕದ ಸ್ಟೂಲಿನ ಮೇಲೆ ಮಣ್ಣು ಹರಡಿ, ಅದಕ್ಕೆ ರಾಗಿ ಪೈರಿನ ಒಂದು ತುಂಡು ನೆಟ್ಟಿದ್ದಳು. ಬ್ರೆಝಾನೊವ್‌ನ ಚೌಕ ಇಳಿಜಾರು, ಹಾಗಾಗಿ ಬ್ರೆಡ್ಡಿನ ಮನೆಯ ಒಂದು ಪಕ್ಕ ಎತ್ತರ, ಇನ್ನೊಂದು ತಗ್ಗು. ಸಮತಟ್ಟಿನಲ್ಲಿ ಇಟ್ಟರೆ ವಾಲುತ್ತದೆ ಅಂತ ಅವಳು ಮಣ್ಣನ್ನೇ ಓರೆ ಮಾಡಿ ಹಳದಿ ಮನೆಯನ್ನು ನೆಟ್ಟಗೆ ನಿಲ್ಲಿಸಿದ್ದಳು. ನೀವು ನನ್ನ ಜೊತೆ ಬರಬೇಕು ಬಾಯಿ ಅಂದ ಲಾರೆನ್ಸ್. ಈ ಮಾತನ್ನು ಅವನು ಇಪ್ಪತ್ತು ವರ್ಷದಲ್ಲಿ ಎಷ್ಟೋ ಜನಕ್ಕೆ ಹೇಳಿದ್ದ, ಇವತ್ತಿನಷ್ಟು ಕಷ್ಟ ಎಂದೂ ಆಗಿರಲಿಲ್ಲ. ಅವಳು ಶಾಲು ಹೊದ್ದು, ತಟ್ಟೆಗಳಿಗೆ ನೀರು ಚಿಮುಕಿಸಿ, ಬಾಗಿಲು ಹಾಕಿಕೊಂಡು ಬಂದಳು. ದಸ್ತಗಿರಿಯ ವೇಳೆ ಮಧ್ಯಾಹ್ನ ಎರಡೂಕಾಲು ಅಂತ ಗರ್ಟ್ರೂಡ್ ಬರೆದಳು.

ಠಾಣೆಯಲ್ಲಿ ಅವಳು ಹೇಳಿಕೆ ಕೊಡಲು ಒಪ್ಪಲಿಲ್ಲ. ಕದ್ದದ್ದು ನಾನು, ಮನೆ ತಗೊಳ್ಳಿ, ಯಾಕೆ ಅಂತ ಮಾತ್ರ ಕೇಳಬೇಡಿ ಅಂದಳು. ಕಾರಣ ಇಲ್ಲದೆ ಫೈಲು ಮುಚ್ಚಲು ಬರುವುದಿಲ್ಲ, ಹೇಳದಿದ್ದರೆ ನಾಳೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಾಗುತ್ತದೆ ಅಂತ ಲಾರೆನ್ಸ್ ತಿಳಿಸಿದ. ನಿಲ್ಲಿಸು ಅಂದಳು. ಅಷ್ಟರಲ್ಲಿ ಓತಕಾರ್ ಬಂದ. ಮೇಜಿನ ಮೇಲಿದ್ದ ಮನೆಯನ್ನು ಕಂಡ, ಬೆಂಚಿನ ಮೇಲಿದ್ದ ಫಿಲೋಮಿನಾಳನ್ನು ಕಂಡ. ಅವನಿಗೆ ಸಿಟ್ಟು ಬರಲಿಲ್ಲ. ಅವಳ ಪಕ್ಕ ಕೂತು, ನಿಮಗೆ ಇದು ಬೇಕಿದ್ದರೆ ನನ್ನನ್ನು ಕೇಳಬಾರದಿತ್ತೇ ಅಂದ. ಸೌಮ್ಯವಾಗಿ ಕೇಳಿದ ಆ ಮಾತಿಗೆ ಅವಳ ಬಿಗುಮಾನ ಸಡಿಲವಾಯಿತು, ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ನನಗಲ್ಲ ಸರ್. ಹೆರ್ಮೀನಾ ಕೈ ಹಿಡಿದು ಮಾತು ತಗೊಂಡಿದ್ದರು. ಈ ಮರದ ಊರನ್ನು ನನ್ನ ಗಂಡ ಒಂದು ದಿನ ಆ ಊರಿಗೇ ಕೊಡುತ್ತಾರೆ, ಕೊಡಲಿ. ನನ್ನ ಮನೆಯನ್ನು ಮಾತ್ರ ಆ ಜನಕ್ಕೆ ಕೊಡಲು ಬಿಡಬೇಡ ಅಂದರು."

ಆಮೇಲೆ ಉಳಿದದ್ದೂ ಬಂತು. ಹೆರ್ಮೀನಾಳ ಅಪ್ಪ ಅಮ್ಮನನ್ನು ಕಳಿಸಿದ್ದು ಬರೀ ಸರಕಾರವಲ್ಲ. ಬೆಳಗಿನ ಬ್ರೆಡ್ಡು ಒಲೆಯಲ್ಲಿರುವಾಗ ಬಾಗಿಲು ಬಡಿದವನು ಅವಳ ಜೊತೆ ಶಾಲೆಗೆ ಹೋದವನು. ಮುದುಕ ಮುದುಕಿ ಮೂಟೆ ಹೊತ್ತು, ಊರವರು ಆಚೆ ಕಟ್ಟಿಸಿದ್ದ ಆ ಸ್ಟೇಷನ್ನಿನ ತನಕ ನಡೆದರು. ಚೌಕದ ಕಿಟಕಿಗಳಲ್ಲಿ ಜನ ನಿಂತಿದ್ದರು, ಒಬ್ಬರೂ ಹೋಗಿ ಬನ್ನಿ ಅನ್ನಲಿಲ್ಲ. ಒಲೆಯ ಬ್ರೆಡ್ಡನ್ನು ಮಧ್ಯಾಹ್ನ ಎಲ್ಲರೂ ಹಂಚಿಕೊಂಡರಂತೆ. ತಾಯಿ ಅದನ್ನು ಬವೇರಿಯಾದ ಕ್ಯಾಂಪಿನಿಂದ ಮಗಳಿಗೆ ತಿಳಿಸಿ, ಆ ಚಳಿಗಾಲದಲ್ಲೇ ತೀರಿಕೊಂಡಳು.

"ನನಗೆ ಯಾಕೆ ಹೇಳಲಿಲ್ಲ ಅವಳು?"

"ನೀವು ಆ ಊರಿನ ಸುದ್ದಿ ಹೇಳುವಾಗ ನಿಮ್ಮ ಮುಖ ಬೆಳಗುತ್ತಿತ್ತಂತೆ. ಅದನ್ನು ಆರಿಸಲು ಮನಸ್ಸು ಬರಲಿಲ್ಲವಂತೆ."

ಗರ್ಟ್ರೂಡ್ ಎದ್ದು ಹೋಗಿ ಬಾಗಿಲು ಎಳೆದುಕೊಂಡಳು. ಪ್ರತಿ ಡಿಸೆಂಬರಿನಲ್ಲೂ ಆ ಊರನ್ನು ಅವಳ ಕಣ್ಣೆದುರು ಹರಡಿದ್ದು ತಾನೇ, ಆ ಮನೆಯೊಳಗಿನ ಪುಟ್ಟ ಬಲ್ಬು ಹೊತ್ತಿಸು ಅಂತ ಸ್ವಿಚ್ಚನ್ನು ಅವಳ ಕೈಗೆ ಕೊಟ್ಟದ್ದೂ ತಾನೇ ಅಂತ ಓತಕಾರ್ ಹೇಳಿದ. ಅವಳು ಪ್ರತಿ ಸಲವೂ ಹೊತ್ತಿಸಿದ್ದಳು. ಇದನ್ನು ಹೇಳುವಾಗ ಅವನು ಮಗುವಿನಂತೆ ಅತ್ತ, ಲಾರೆನ್ಸ್ ಅವನ ಭುಜ ಹಿಡಿದುಕೊಂಡ.

ದೂರು ವಾಪಸಾಯಿತು. ಸತ್ತವರಿಗೆ ಕೊಟ್ಟ ಮಾತಿನಿಂದ ಸತ್ತವರೇ ಬಿಡುಗಡೆ ಕೊಡಬೇಕು, ಅದು ಆಗದ್ದರಿಂದಲೇ ಫಿಲೋಮಿನಾ ಕದ್ದಳು. ಅದನ್ನು ಬರೆಯಲು OBಯಲ್ಲಿ ಜಾಗವಿಲ್ಲದ್ದರಿಂದ ಲಾರೆನ್ಸ್, ವಸ್ತು ಸಿಕ್ಕಿದೆ, ಕ್ರಮ ಬೇಡ ಅಂತ ಬರೆದು ಸಹಿ ಹಾಕಿದ. ಮನೆಯನ್ನು ಪೆಟ್ಟಿಗೆಗೆ ಸೇರಿಸುತ್ತೀರಾ ಅಂತ ಕೇಳಿದ್ದಕ್ಕೆ ಓತಕಾರ್ ಬೇಡ ಅಂತ ತಲೆಯಾಡಿಸಿದ. ಬುಧವಾರ ಊರು ಹೋಗಲಿ, ಚೌಕದ ಮೂಲೆ ಬೋಳಾಗಿಯೇ ಹೋಗಲಿ, ಇಲ್ಲಿ ಏನಿತ್ತು ಅಂತ ಮ್ಯೂಸಿಯಮ್ಮಿನಲ್ಲಿ ಮಕ್ಕಳು ಕೇಳಿದರೆ ಅಲ್ಲಿಯವರೇ ಹೇಳಲಿ ಅಂದ.

ಹಳದಿ ಮನೆಯನ್ನು ಎತ್ತಿ ಅವನು ಫಿಲೋಮಿನಾಳ ಮಡಿಲಲ್ಲಿ ಇಟ್ಟ. ಆಮೇಲೆ ಬೆಂಚಿನ ಮೇಲೆ ಅವಳ ಕಡೆ ತಿರುಗಿ ಕೂತ.

"ಏಳು ತಿಂಗಳು ಅವಳು ನಿಮಗೆ ಆ ಊರಿನ ಬಗ್ಗೆ ಏನೇನು ಹೇಳಿದಳೋ, ಎಲ್ಲ ನನಗೂ ಹೇಳಿ. ನನಗೆ ಆ ಊರು ಗೊತ್ತಿಲ್ಲ."

ಮಂಗಳೂರು ಬಿಟ್ಟರೆ ನೈರೋಬಿ, ನೈರೋಬಿ ಬಿಟ್ಟರೆ ಮಂಗಳೂರು ಅಂತ ಇದ್ದ ಫಿಲೋಮಿನಾ ಶಾಲು ಸರಿಮಾಡಿಕೊಂಡು, ಬ್ರೆಝಾನೊವ್‌ನ ಚೌಕದಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಯಾರ ಮನೆಯ ಒಲೆ ಮೊದಲು ಹೊಗೆಯಾಡುತ್ತಿತ್ತು ಅಂತ ಹೇಳತೊಡಗಿದಳು.