ಮಾರ ಹಿಡಿದ ಹಗ್ಗ

ತಲೆಯ ಮೇಲೆ ಕಾಂಕ್ರೀಟ್ ಮಿಕ್ಸರ್ ತಿರುಗುತ್ತಿತ್ತು.

ಕಾಲಡಿ ಕೆಸರು. ಸುತ್ತಲೂ ಹಸಿ ಮಣ್ಣಿನ ಗೋಡೆ. ಬಾವಿಯಷ್ಟು ಆಳದ ಗುಂಡಿ... ಅದರ ತಳದಲ್ಲಿ ನಾನು. ಸೊಂಟಕ್ಕೆ ಬಳ್ಳಿ ಹಗ್ಗ.

ಹಗ್ಗದ ಇನ್ನೊಂದು ತುದಿ ಮಾರನ ಕೈಯಲ್ಲಿ.

ನಿನ್ನೆಯೂ ಇದೇ ಹಗ್ಗ, ಇದೇ ಕೈ. ಇಳಿದವನು ಮೇಲೆ ಬಂದಿರಲಿಲ್ಲ.

"ಮೇಲೆ ಬಾ ಕೌಸಲ್ಯ," ಕಂಟ್ರಾಕ್ಟರ್ ಕರುಣಾಕರನ್ ಬಗ್ಗಿ ನೋಡಿದ. ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅದಕ್ಕೇ ಭಯವಾಯಿತು. "ಸಿಮೆಂಟಿಗೆ ಕಣ್ಣಿಲ್ಲ, ಮೋಳೇ." ಮೋಳೇ ಅಂದರೆ ಮಗಳೇ ಅಂತ.

ನಾನು ಕೆಸರಿಗೆ ಕೈ ಹಾಕಿದೆ. ನಾನು ಮಾತಾಡುವುದು ಕಡಿಮೆ.

ಮೊದಲಿಂದ ಹೇಳ್ತೀನಿ, ಕೇಳಿ.

ವಯನಾಡು ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಆಫೀಸು, ಹೊಸ ಬೋರ್ಡು, ಹೊಸ ಸಾಹೇಬರು. ಯಾವ ಕೆಲಸಕ್ಕೆ ಯಾವ ಬಾಗಿಲು ತಟ್ಟಬೇಕು ಅಂತ ಯಾರಿಗೂ ಗೊತ್ತಿಲ್ಲ. ನನಗೆ ಗೊತ್ತಿತ್ತು. ಬಿ.ಎ. ಆಗಿತ್ತು, ಮನೆಯಲ್ಲಿ ಕನ್ನಡ, ಹೊರಗೆ ಮಲಯಾಳಂ. ಆಗದ ಕೆಲಸ ಮಾಡಿಸಿಕೊಡೋದು, ಕಾಣೆಯಾದವರನ್ನು ಹುಡುಕಿಕೊಡೋದು... ಅದೇ ನನ್ನ ದಂಧೆ. ಎದುರಿಗಿರುವವರ ಮುಖ ನೋಡೋಕೂ ನನಗೆ ನಾಚಿಕೆ. ಆದರೆ ಒಂದು ಗುಟ್ಟು ಗೊತ್ತಿತ್ತು. ನಾವು ಸುಮ್ಮನಿದ್ದರೆ ಎದುರಿನವನಿಗೆ ತಡೆಯೋಕಾಗಲ್ಲ. ಖಾಲಿ ಜಾಗ ಕಂಡ ಕೂಡಲೇ ಸುಳ್ಳು ತುಂಬ್ತಾನೆ.

ಹೊಸ ಜಿಲ್ಲೆಗೆ ದೊಡ್ಡ ಫುಟ್‌ಬಾಲ್ ಸ್ಟೇಡಿಯಂ ಬೇಕು ಅಂತಾಯಿತು. ಜಾಗ ಎಲ್ಲಿ? ಸುಲ್ತಾನ್ ಬತ್ತೇರಿಯಲ್ಲಿ ಅಂಗಡಿಗೆ ಅಂಗಡಿ ಅಂಟಿಕೊಂಡಿತ್ತು. ಉಳಿದಿದ್ದು ಸಂತೆಗೂ ಬಸ್ ಸ್ಟ್ಯಾಂಡಿಗೂ ನಡುವೆ ಒಂದು ಜೌಗು ಗದ್ದೆ. ಅದರಲ್ಲೇ ಗ್ಯಾಲರಿಯ ಕಂಬಗಳಿಗೆ ಗುಂಡಿ ತೋಡುತ್ತಿದ್ದರು. ಮಳೆಗೆ ಮುಂಚೆ ಮುಗಿಯಬೇಕು ಅಂತ ಮೇಲಿಂದ ಒತ್ತಾಯ.

ಆವತ್ತು ಬೆಳಿಗ್ಗೆ ಅಮ್ಮಾಳು ಬಂದಳು. ತೋಲ್ಪೆಟ್ಟಿ ಕಾಡಿನ ಹಾಡಿಯ ಹೆಂಗಸು, ಜೇನು ಇಳಿಸುವ ಜನ. ಅವಳ ಗಂಡ ಬೈರ, ಅವಳ ತಮ್ಮ ಮಾರ, ಇಬ್ಬರೂ ಸ್ಟೇಡಿಯಂ ಕೆಲಸಕ್ಕೆ ಬಂದವರು. ನಿನ್ನೆಯಿಂದ ಇಬ್ಬರೂ ಇಲ್ಲ. ಸೈಟಿನಲ್ಲಿ ಕೇಳಿದರೆ ಅವಳನ್ನೇ ಓಡಿಸಿದರಂತೆ.

"ಸತ್ತಿದ್ರೂ ಸರಿ," ಅಂದಳು. "ನಮ್ಮ ಮಣ್ಣಿಗೆ ಕೊಡಬೇಕು. ಇಲ್ಲದಿದ್ರೆ ಸತ್ತವನು ಕೂಗ್ತಾನೇ ಇರ್ತಾನೆ, ಅಮ್ಮಾ."

ಕರುಣಾಕರನ್ ಮುಂದೆ ಹೋಗಿ ನಿಂತೆ. ಬೈರ ಎಲ್ಲಿ ಅಂದೆ. ಆಮೇಲೆ ತಲೆ ತಗ್ಗಿಸಿ ಸುಮ್ಮನಾದೆ.

ಅವನು ಚಹಾ ಕುಡಿದ. ಬೀಡಿ ಹಚ್ಚಿದ. ನಾನು ಸುಮ್ಮನಿದ್ದೆ. ಕೊನೆಗೆ ಶುರುಮಾಡಿದ. ಜೇನಿನ ಕಾಲ ಅಲ್ವಾ, ಕಾಡಿಗೆ ಹೋದ ಅಂದ. ನಾನೇ ಬಸ್ಸು ಹತ್ತಿಸಿದೆ ಅಂದ. ಇನ್ನೂ ಸುಮ್ಮನಿದ್ದೆ.

"ಹೆದರಬೇಡ ಅನ್ನು ಆ ಹೆಂಗಸಿಗೆ. ಬೈರನ ಸ್ವಂತ ಅಣ್ಣನೇ ಬಂದು ಕರೆದುಕೊಂಡು ಹೋದ. ಮರದ ಕೆಳಗೆ ಹಗ್ಗ ಹಿಡಿಯೋಕೆ ಒಡಹುಟ್ಟಿದವನಿಗಿಂತ ಬೇರೆ ಯಾರು ಬೇಕು?"

ಸಾಕಿತ್ತು.

ನಿಮಗೂ ಅದು ಸರಿ ಅನ್ನಿಸಬಹುದು. ಹಾಡಿಯಲ್ಲಿ ಎಳೆ ಮಗುವೂ ನಕ್ಕುಬಿಡುತ್ತೆ. ಜೇನಿಗೆ ಏರಿದವನ ಹಗ್ಗವನ್ನು ಅಣ್ಣತಮ್ಮಂದಿರು ಮುಟ್ಟೋ ಹಾಗಿಲ್ಲ. ಮನಸ್ಸಿನಲ್ಲಿ ಏನಿರುತ್ತೋ ಯಾರು ಕಂಡರು? ಹಿಡಿಯಬೇಕಾದವನು ಹೆಂಡತಿಯ ಅಣ್ಣ ಇಲ್ಲಾ ತಮ್ಮ. ಒಡಹುಟ್ಟಿದವಳನ್ನು ಯಾರೂ ಮುಂಡೆ ಮಾಡಲ್ಲ. ಮಾರ ಇಲ್ಲದೆ ಬೈರ ಒಂದು ಪೊದೆಯನ್ನೂ ಹತ್ತುವವನಲ್ಲ!

ಬೈರ ಕಾಡಿಗೆ ಹೋಗಿರಲಿಲ್ಲ.

ಸೈಟಿನಲ್ಲಿ ಹಗಲಲ್ಲೂ ಬೀಗ ಹಾಕಿದ್ದು ಸಿಮೆಂಟ್ ಶೆಡ್ಡಿಗೆ ಮಾತ್ರ. ಅದರ ಹಿಂದಿನ ತಗಡು ಸಡಿಲವಿತ್ತು. ಅಮ್ಮಾಳು, ನಾನು ಸೇರಿ ಕಿತ್ತೆವು. ಒಳಗೆ ಮಾರ. ಪಕ್ಕದಲ್ಲಿ ಬಾಯಿ ಮುಚ್ಚಿಸಲು ಕೊಟ್ಟ ಸಾರಾಯಿ, ಮುಟ್ಟಿರಲಿಲ್ಲ. ಮಡಿಲಲ್ಲಿ ಹಗ್ಗ. ತುದಿ ನೀಟಾಗಿ ಕತ್ತರಿಸಿದಂತಿತ್ತು... ಕತ್ತಿಯ ಕೆಲಸ.

ಅವನು ತಡೆತಡೆದು ಹೇಳಿದ. ಗುಂಡಿಯ ನೀರು ಮೊಗೆಯಲು ಬೈರ ಇಳಿದ. ಮಾರ ಹಗ್ಗ ಹಿಡಿದಿದ್ದ. ಒಂದು ಕಡೆಯ ಮಣ್ಣು ಕುಸಿಯಿತು. ಎತ್ತಲು ಹೋದರೆ ಪಕ್ಕದ ಕಂಬವೂ ಬೀಳುತ್ತೆ, ಕೆಲಸ ನಿಲ್ಲುತ್ತೆ ಅಂತ ಕರುಣಾಕರನ್ ಹಗ್ಗ ಕಡಿದ.

"ಮಣ್ಣು ಬಿದ್ದ ಮೇಲೂ ಎಳೆದ, ಅಮ್ಮಾ. ಎರಡು ಸಲ. ಎರಡು ಸಲ ಅಂದರೆ ಮೇಲೆತ್ತು ಅಂತ." ಮಾರ ಹಗ್ಗವನ್ನು ಬಿಗಿಯಾಗಿ ಹಿಡಿದ. "ಇನ್ನೂ ಎಳೀತಿದಾನೆ."

ಹಿಂದೆ ಬೂಟಿನ ಸದ್ದು!

ಓಡಿದೆವು. ಕರಿಮೆಣಸಿನ ಮೂಟೆಗಳ ಸಂದಿ, ಮೀನಿನ ಬುಟ್ಟಿಗಳ ನಡುವೆ. ಹಿಂದೆ ಬಿದ್ದ ಇಬ್ಬರು ಕೂಲಿ ರೌಡಿಗಳು ಸಂತೆಯ ಜನದ ನಡುವೆ ಹಿಂದುಳಿದರು. ಪೊಲೀಸ್ ಸ್ಟೇಷನ್ ಕಣ್ಣಿಗೆ ಕಾಣುವಷ್ಟು ಹತ್ತಿರ. ಅಷ್ಟರಲ್ಲಿ ಗದ್ದೆ ಕಡೆಯಿಂದ ಮಿಕ್ಸರ್ ಗುಡುಗಿತು.

ಮಾರ ನಿಂತುಬಿಟ್ಟ. ನಾನೂ.

ದೂರು ಬರೆಸುವ ಹೊತ್ತಿಗೆ ಗುಂಡಿ ತುಂಬಿರುತ್ತೆ. ಹೊಸ ಜಿಲ್ಲೆಯ ಸ್ಟೇಡಿಯಂ ಕಂಬ... ಒಬ್ಬ ಕೂಲಿಗಾಗಿ ಯಾರು ಒಡೀತಾರೆ?

ಸಂತೆಯವರನ್ನೆಲ್ಲ ಕರೆದುಕೊಂಡು ಬಾ ಅಂತ ಅಮ್ಮಾಳುವಿಗೆ ಹೇಳಿದೆ. ಕೂಗೋದು ನನ್ನ ಕೈಲಾಗುವ ಕೆಲಸವಲ್ಲ. ನನ್ನ ಕೈಲಾಗೋದು ಇಳಿಯೋದು. ಗುಂಡಿಯ ಅಂಚಿನಲ್ಲಿ ಮಾರ ಹಗ್ಗ ಬಿಚ್ಚುತ್ತಾ ನನ್ನನ್ನು ನೋಡಿದ. "ನೀನು ನನ್ನ ಭಾವ ಅಲ್ಲ."

"ಅಲ್ಲ," ಅಂದೆ. "ಹಿಡೀತೀಯಾ?"

ಹಿಡಿದ.

ಹಾಗೆ ಗುಂಡಿಯ ತಳ ಸೇರಿದ್ದೆ. ಈಗ ಗೊತ್ತಾಯ್ತಲ್ಲ.

ಬೆರಳಿನಲ್ಲೇ ಕೆದಕಿದೆ. ಮೇಲೆ ಕರುಣಾಕರನ್ ಯಾರಿಗೋ ಸುರಿ ಅಂದ. ಯಾರೂ ಅಲ್ಲಾಡಲಿಲ್ಲ. ಅವನೇ ಒಂದು ಬಾಂಡಲಿ ಎತ್ತಿ ಸುರಿದ. ಭುಜದ ಮೇಲೆ ಬಿತ್ತು... ತಣ್ಣಗೆ, ಭಾರವಾಗಿ. ಸಿಮೆಂಟಿಗೆ ನಿಜವಾಗಲೂ ಕಣ್ಣಿರಲಿಲ್ಲ.

ಆಗ ಕೈಗೆ ಸಿಕ್ಕಿತು. ಬಳ್ಳಿ ಹಗ್ಗದ ಕಡಿದ ತುದಿ. ಮಣ್ಣಿನೊಳಗಿಂದ ಎದ್ದು ಬಂದಂತೆ.

ಮುಷ್ಟಿಯಲ್ಲಿ ಹಿಡಿದೆ.

ಅದು ಎಳೆಯಿತು.

ಮತ್ತೊಮ್ಮೆ ಎಳೆಯಿತು.

ನಾನು ಕಿರುಚಲಿಲ್ಲ. ಸೊಂಟದ ಹಗ್ಗವನ್ನು ಎರಡು ಸಲ ಎಳೆದೆ. ಮಾರ ಎತ್ತಿದ. ಕೈಯಲ್ಲಿದ್ದ ತುದಿಯನ್ನು ಬಿಡಲಿಲ್ಲ. ಅದು ನನ್ನ ಜೊತೆ ಮೇಲೆ ಬರುತ್ತಾ ಬರುತ್ತಾ ಬಿಗಿದು ನಿಂತಿತು. ಗುಂಡಿಯ ಸುತ್ತ ಸಂತೆಯ ಅರ್ಧ ಜನ. ಮಣ್ಣಿನಿಂದ ನನ್ನ ಕೈವರೆಗೆ ನೆಟ್ಟಗೆ ನಿಂತ ಆ ಹಗ್ಗ ನೋಡಿದರು. ಮಿಕ್ಸರ್ ನಿಂತಿತು. ಅಮ್ಮಾಳು ಒಬ್ಬಳೇ ಅಳುತ್ತಿದ್ದಳು. ಕರುಣಾಕರನ್ ಜೀಪಿನ ಕಡೆ ತಿರುಗಿದ. ಮೀನು ಮಾರುವವರು ಅವನ ದಾರಿಯಲ್ಲಿ ಬುಟ್ಟಿ ಇಟ್ಟು ಕೂತರು.

ಬೆಳಕಿರುವಾಗಲೇ ಬೈರನನ್ನು ತೆಗೆದರು. ಅಮ್ಮಾಳು ಅವನನ್ನು ತೋಲ್ಪೆಟ್ಟಿಯ ಮಣ್ಣಿಗೆ ಕೊಟ್ಟಳು. ಕರುಣಾಕರನ್ ಜೈಲಿಗೆ ಹೋದ.

ಡಾಕ್ಟರು ನನಗೆ ಒಂದೇ ಮಾತು ಹೇಳಿದರು. ಮಣ್ಣು ಬಿದ್ದ ಕ್ಷಣದಲ್ಲೇ ಬೈರನ ಕುತ್ತಿಗೆ ಮುರಿದಿತ್ತಂತೆ. ಆಮೇಲೆ ಬೆರಳು ಕೂಡ ಅಲ್ಲಾಡಿರೋಕೆ ಸಾಧ್ಯವಿಲ್ಲವಂತೆ.

ಇದನ್ನು ನಾನು ಮಾರನಿಗೆ ಹೇಳಲಿಲ್ಲ. ಅವನೂ ಕೇಳಲಿಲ್ಲ.

ಬೇರೆ ಕಂಟ್ರಾಕ್ಟರ್ ಬಂದು ಸ್ಟೇಡಿಯಂ ಮುಗಿಸಿದ. ಮೊದಲ ಮ್ಯಾಚಿಗೆ ಹೋಗಿದ್ದೆ. ಗೋಲು ಬಿದ್ದಾಗ ಊರೇ ಎದ್ದು ನಿಂತಿತು. ನನ್ನ ಸೊಂಟದ ಹತ್ತಿರ ಏನೋ ಮೆಲ್ಲಗೆ ಎಳೆದಂತಾಯಿತು... ಎರಡು ಸಲ. ನಾನೂ ಎದ್ದು ನಿಂತೆ.

ಆ ಗುಂಡಿಯಿಂದ ಎದ್ದ ಕಂಬದ ಪಕ್ಕದ ಸೀಟುಗಳಲ್ಲಿ ಇವತ್ತಿಗೂ ಯಾರೂ ಕೂರಲ್ಲ. ನನಗೆ ಅದೇ ಅನುಕೂಲ. ಯಾರ ಜೊತೆಗೂ ಮಾತಾಡಬೇಕಾಗಿಲ್ಲ.